ಜೀನ್ಸಿನ ಚಿಕ್ಕ ಜೇಬಿನಲ್ಲಿ ಏರ್‌ಟ್ಯಾಗ್: ಎರಡೂವರೆ ವರ್ಷ ಬಳಸಿದ ಮೇಲೆ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಮ್ಮದೊಂದು ಸಣ್ಣ ಜೀನ್ಸ್ ಹೊಲಿಗೆ ಘಟಕ ಇದೆ, ಹದಿನಾಲ್ಕು ಮಿಷನ್ನಿನದು. ವರ್ಷಕ್ಕೆ ಆರೇಳು ಸಲ ಸ್ಯಾಂಪಲ್ ತುಂಬಿದ ಬ್ಯಾಗ್ ಹಿಡಿದು ನಾನೇ ದೂರದ ವ್ಯಾಪಾರಿಗಳ ಹತ್ತಿರ ಹೋಗುತ್ತೇನೆ. ವಿದ್ಯಾನಗರದ ಜಿಂದಾಲ್ ವಿಮಾನ ನಿಲ್ದಾಣದಿಂದ ಹೊಂದುವ ವಿಮಾನ ಸಿಕ್ಕರೆ ಅಲ್ಲಿಂದ, ಇಲ್ಲದಿದ್ದರೆ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿ, ಯಲಹಂಕದಲ್ಲಿ ಇಳಿದು, ಬೆಂಗಳೂರು ವಿಮಾನ ನಿಲ್ದಾಣಕ್ಕೆ. ಎರಡು ಡಜನ್ ಪ್ಯಾಂಟ್ ಅಂದರೆ ಹದಿಮೂರು ಹದಿನಾಲ್ಕು ಕಿಲೋ ತೂಗುತ್ತವೆ. ಏಳು ಕಿಲೋ ಮಿತಿಯ ಕೈಚೀಲದಲ್ಲಿ ಅವು ಹಿಡಿಯುವ ಮಾತೇ ಇಲ್ಲ. ಹಾಗಾಗಿ ಬ್ಯಾಗನ್ನು ಚೆಕ್-ಇನ್ ಕೌಂಟರಿನಲ್ಲಿ ಕೊಟ್ಟು, ಅದು ಬೆಲ್ಟಿನ ಮೇಲೆ ಒಳಗೆ ಹೋಗುವುದನ್ನು ನೋಡುತ್ತ ನಿಲ್ಲುವುದು ನನಗೆ ಅಭ್ಯಾಸ. ಆ ಬ್ಯಾಗ್ ತಪ್ಪಿದರೆ ಹೋಗುವುದು ಬಟ್ಟೆಯಲ್ಲ, ಒಂದು ಸೀಸನ್ನಿನ ಆರ್ಡರು.

ಅದಕ್ಕೇ 2023ರ ಜೂನ್‌ನಲ್ಲಿ, ವಸ್ತು ಎಲ್ಲಿದೆ ಎಂದು ಐಫೋನಿನಲ್ಲಿ ತೋರಿಸುವ ಆಪಲ್‌ನ ಏರ್‌ಟ್ಯಾಗ್ ತಗೊಂಡೆ. ಒಂದಕ್ಕೆ 3,490 ರೂಪಾಯಿ. ಹಳೆಯ ಒಂದು ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದು, ದಪ್ಪ ಗುಂಡಿಯ ಹಾಗೆ ಇರುತ್ತದೆ. 11 ಗ್ರಾಂ ತೂಕ. ದಾರ ಪೋಣಿಸಲು ತೂತು ಇಲ್ಲ, ಅದಕ್ಕೊಂದು ಪೌಚ್ ಬೇರೆ ಕೊಳ್ಳಬೇಕು ಅಂದರು. ನಾನು ಕೊಳ್ಳಲಿಲ್ಲ. ಜೀನ್ಸಿನ ಬಲಗಡೆ ಮುಂದಿನ ಜೇಬಿನೊಳಗೆ ಇನ್ನೊಂದು ಪುಟ್ಟ ಜೇಬು ಇರುತ್ತದಲ್ಲ, ಕಾಯಿನ್ ಪಾಕೆಟ್, ಅದರೊಳಗೆ ಟ್ಯಾಗು ಅಳೆದು ಹೊಲಿದಂತೆ ಕೂತಿತು. ಅಂದಿನಿಂದ 32 ಸೈಜಿನ ಒಂದು ಸ್ಯಾಂಪಲ್ಲಿನ ಕಾಯಿನ್ ಪಾಕೆಟ್ಟೇ ಅದರ ಮನೆ. ಬಾಯಿಗೆ ಎರಡು ಹೊಲಿಗೆ ಹಾಕುತ್ತೇನೆ, ಬ್ಯಾಗಿನ ಮಧ್ಯದ ಮಡಿಕೆಯಲ್ಲಿ ಇಡುತ್ತೇನೆ. ಸುತ್ತ ಎಷ್ಟೇ ಡೆನಿಮ್ ಇದ್ದರೂ ಸಿಗ್ನಲ್ಲಿಗೆ ತೊಂದರೆಯಾಗಿಲ್ಲ. ಬಟ್ಟೆ ತಡೆಯುವುದಿಲ್ಲ. ತಡೆಯುವುದು ಲೋಹ, ಪೂರ್ತಿ ಅಲ್ಯೂಮಿನಿಯಂ ಪೆಟ್ಟಿಗೆ ಇರುವವರು ಅದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು.

ಇದರೊಳಗೆ ಜಿಪಿಎಸ್ ಇಲ್ಲ, ಸಿಮ್ ಇಲ್ಲ. ಸುಮ್ಮನೆ ಬ್ಲೂಟೂತ್‌ನಲ್ಲಿ ಕೂಗುತ್ತಿರುತ್ತದೆ. ಹತ್ತಿರದಲ್ಲಿ ಯಾರದ್ದಾದರೂ ಐಫೋನ್ ಹಾದುಹೋದರೆ ಅದು ಆ ಕೂಗು ಕೇಳಿಸಿಕೊಂಡು, ತಾನಿರುವ ಜಾಗವನ್ನು ಗುಟ್ಟಾಗಿ ನನ್ನ ಫೋನಿಗೆ ಮುಟ್ಟಿಸುತ್ತದೆ. ಆ ಫೋನಿನವರಿಗೆ ನಾನು ಯಾರೆಂದು ಗೊತ್ತಾಗುವುದಿಲ್ಲ, ನನಗೆ ಅವರು ಯಾರೆಂದು ಗೊತ್ತಾಗುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಲೋಡರ್‌ಗಳು, ಸಿಬ್ಬಂದಿ, ಪ್ರಯಾಣಿಕರು ಎಲ್ಲರ ಜೇಬಿನಲ್ಲೂ ಫೋನು ಇರುವುದರಿಂದ ಅಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಆಕಾಶದಲ್ಲಿ, ವಿಮಾನದ ಹೊಟ್ಟೆಯಲ್ಲಿ, ಸುದ್ದಿಯೇ ಇರುವುದಿಲ್ಲ.

ಶುರುವಿನಲ್ಲಿ ಇದು ಗೊತ್ತಿಲ್ಲದೆ ನಾನು ಬಹಳ ಒದ್ದಾಡಿದ್ದೇನೆ. ಮುಂಬೈಯಿಂದ ಬೆಂಗಳೂರಿಗೆ ಬಂದಿಳಿದಾಗ ಫೋನು ಬ್ಯಾಗ್ ಇನ್ನೂ ಮುಂಬೈಯಲ್ಲೇ ಇದೆ ಎಂದು ತೋರಿಸಿತು. ಎದೆ ಧಸಕ್ಕೆಂದಿತು. ಇಪ್ಪತ್ತು ನಿಮಿಷದಲ್ಲಿ ಬ್ಯಾಗು ಬೆಲ್ಟಿನ ಮೇಲೆ ಬಂತು. ಜಾಗದ ಹೆಸರಿನ ಕೆಳಗೆ ಎಷ್ಟು ಹೊತ್ತಿನ ಹಿಂದಿನ ಸುದ್ದಿ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹೊಸದಾಗಿ ಕೊಂಡವರು ಊರಿನ ಹೆಸರಿಗಿಂತ ಮೊದಲು ಆ ಸಾಲು ಓದಬೇಕು. ವಿಮಾನ ಹೊರಡುವುದಕ್ಕೆ ಮುಂಚಿನ ಸಮಯ ಇದ್ದರೆ ಅದು ಹಳೆಯ ಸುದ್ದಿ. ನೀವು ಇಳಿದ ಮೇಲಿನ ಸಮಯ ತೋರಿಸಿ, ಜಾಗ ಮಾತ್ರ ಹಿಂದಿನ ಊರಿನದೇ ಇದ್ದರೆ ಬ್ಯಾಗ್ ನಿಜವಾಗಿಯೂ ಅಲ್ಲೇ ಉಳಿದಿದೆ.

2024ರ ಜನವರಿಯಲ್ಲಿ ಆದದ್ದು ಅದೇ. ಬೆಂಗಳೂರಿನಿಂದ ಹೈದರಾಬಾದ್, ಅಲ್ಲಿ ವಿಮಾನ ಬದಲಿಸಿ ಕೋಲ್ಕತ್ತಾ. ಒಂದೇ ಟಿಕೆಟ್, ನಡುವೆ ಐವತ್ತು ನಿಮಿಷ. ನಾನು ಓಡಿ ಹತ್ತಿದೆ, ಬ್ಯಾಗು ಹತ್ತಲಿಲ್ಲ. ಬ್ಯಾಗುಗಳು ಹೆಚ್ಚಾಗಿ ತಪ್ಪುವುದು ಹೀಗೆ ವಿಮಾನ ಬದಲಾಗುವ ಜಾಗದಲ್ಲೇ. ಕೋಲ್ಕತ್ತಾದಲ್ಲಿ ಇಳಿದು ಫೋನ್ ಆನ್ ಮಾಡಿದರೆ ಹೈದರಾಬಾದ್ ವಿಮಾನ ನಿಲ್ದಾಣ ಇರುವ ಶಂಷಾಬಾದ್, ಮೂರು ನಿಮಿಷದ ಹಿಂದೆ. ಮರುದಿನ ಶನಿವಾರ ಬೆಳಿಗ್ಗೆ ಕೋಲ್ಕತ್ತಾದ ಮಟಿಯಾಬ್ರುಜ್‌ನ ವ್ಯಾಪಾರಿಗೆ ಸೈಜ್ ಸೆಟ್, ಅಂದರೆ ಒಂದೇ ನಮೂನೆಯ ಎಲ್ಲ ಅಳತೆಯ ಪ್ಯಾಂಟು, ತೋರಿಸಬೇಕು.

ಬೆಲ್ಟ್ ನಿಲ್ಲುವವರೆಗೆ ಕಾಯಲಿಲ್ಲ, ನೇರ ಬ್ಯಾಗೇಜ್ ಕೌಂಟರಿಗೆ ಹೋದೆ. ಟ್ಯಾಗಿನಿಂದ ನನಗೆ ಸಿಕ್ಕ ಮೊದಲ ಲಾಭ ಇದು. ಬೆಲ್ಟ್ ಖಾಲಿ ತಿರುಗುವುದನ್ನು ನೋಡುತ್ತ ನಿಂತ ಎಂಟು ಹತ್ತು ಜನ ನನ್ನ ಹಿಂದೆ ಸಾಲಿನಲ್ಲಿ ಬಂದರು, ಕಡೆಯವರ ಸರದಿ ಬರುವಾಗ ಒಂದು ಗಂಟೆ ಆಗಿತ್ತು.

ಕೌಂಟರಿನ ಹುಡುಗ ಪಿಐಆರ್ ಬರೆದುಕೊಂಡ. ಬ್ಯಾಗು ಬಂದಿಲ್ಲ, ಒಡೆದಿದೆ, ಬದಲಾಗಿದೆ ಎಂದು ವಿಮಾನ ಕಂಪನಿ ಬರೆದುಕೊಡುವ ದೂರು ಪತ್ರ ಅದು. ಪ್ಲಾಸ್ಟಿಕ್ ಹಾಳೆಯೊಳಗಿದ್ದ ಚಾರ್ಟ್ ಒಂದನ್ನು ನನ್ನ ಮುಂದೆ ತಳ್ಳಿದ. ಅದರಲ್ಲಿ ಬಣ್ಣಗಳ ಪಟ್ಟಿ, ಬ್ಯಾಗುಗಳ ಚಿತ್ರ, ಪ್ರತಿಯೊಂದಕ್ಕೂ ಒಂದು ನಂಬರು. ನಿಂತ ಬ್ಯಾಗು, ಮಲಗಿದ ಬ್ಯಾಗು, ಚಕ್ರ ಇರುವುದು, ಇಲ್ಲದ್ದು. ನನ್ನದಕ್ಕೆ ಬೆರಳಿಟ್ಟೆ. ಒಳಗೆ ಏನಿದೆ ಅಂದ. ಬಟ್ಟೆ ಅಂದೆ. "ಎಲ್ಲರ ಬ್ಯಾಗಲ್ಲೂ ಬಟ್ಟೆ ಇರುತ್ತೆ ಮೇಡಂ, ಬೇರೆಯವರ ಹತ್ತಿರ ಇಲ್ಲದ್ದು ಏನಾದರೂ ಇದೆಯಾ?" ಅಂದ ಹಿಂದಿಯಲ್ಲಿ. ಒಳ್ಳೆಯ ಪ್ರಶ್ನೆ. 28ರಿಂದ 36ರವರೆಗೆ ಒಂದೇ ನಮೂನೆಯ ನೀಲಿ ಪ್ಯಾಂಟುಗಳು, ಸ್ಟೀಲ್ ಡಬ್ಬಿಯಲ್ಲಿ ಸಜ್ಜಿ ರೊಟ್ಟಿ, ಶೇಂಗಾ ಚಟ್ನಿಪುಡಿ ಅಂದೆ. ಹಾಗೇ ಬರೆದುಕೊಂಡ. ಹೊರಗಿನ ಸ್ಟಿಕ್ಕರ್ ಕಿತ್ತುಹೋದರೆ ಬ್ಯಾಗು ತೆರೆದು ನೋಡಿ ಹೊಂದಿಸುವುದು ಈ ವಿವರದಿಂದಲೇ.

ಆಮೇಲೆ ಫೋನು ತೋರಿಸಿದೆ. ಅವನು ನಕ್ಷೆ ನೋಡಿದ, ನನ್ನ ಬೋರ್ಡಿಂಗ್ ಪಾಸಿಗೆ ಅಂಟಿಸಿದ್ದ ಚೀಟಿಯ ಹತ್ತು ಅಂಕಿ ಟೈಪ್ ಮಾಡಿದ. ಅವರ ಕಂಪ್ಯೂಟರಿನಲ್ಲಿ ಬ್ಯಾಗು ಬೆಂಗಳೂರಿನಲ್ಲಿ ಲೋಡ್ ಆದದ್ದಷ್ಟೇ ಇತ್ತು, ಮುಂದಿನ ಸ್ಕ್ಯಾನ್ ಇರಲಿಲ್ಲ. ಟ್ಯಾಗು ಇರದಿದ್ದರೆ ಬ್ಯಾಗನ್ನು ಬೆಂಗಳೂರಿನಲ್ಲಿ ಹುಡುಕಲು ಶುರು ಮಾಡುತ್ತಿದ್ದರು. ಅವನು ಹೈದರಾಬಾದಿಗೆ ಫೋನ್ ಹಚ್ಚಿ, ಟರ್ಮಿನಲ್ಲಿನ ಯಾವ ಬದಿ ಎಂದು ಚುಕ್ಕೆ ನೋಡಿ ಹೇಳಿದ. ರಾತ್ರಿಯ ಕಡೆಯ ವಿಮಾನಕ್ಕೆ ಬ್ಯಾಗು ಹತ್ತಿತು. ಬೆಳಗಿನ ಜಾವ ಎಚ್ಚರವಾಗಿ ಫೋನು ನೋಡಿದರೆ ಚುಕ್ಕೆ ಕೋಲ್ಕತ್ತಾದಲ್ಲಿತ್ತು. ಕೂಡಲೇ ನಮ್ಮ ಕಟಿಂಗ್ ಮಾಸ್ಟರಿಗೆ ಹೇಳಿದೆ, ಅವರೂ ನಿದ್ದೆ ಮಾಡಿರಲಿಲ್ಲ. "ಬಂತೇನಕ್ಕ? ಬಂತು ಅನ್ನು ಮೊದಲು" ಅಂದರು. ಹನ್ನೊಂದು ಗಂಟೆಗೆ ಸ್ಯಾಂಪಲ್ ತೋರಿಸಿದೆ.

ಟ್ಯಾಗು ಬ್ಯಾಗನ್ನು ಹೊತ್ತು ತರುವುದಿಲ್ಲ, ಇದನ್ನು ಎಲ್ಲರಿಗೂ ಹೇಳುತ್ತಲೇ ಇರುತ್ತೇನೆ. ತರುವವರು ಕೌಂಟರಿನವರು, ಅವರ ಕೈಗೆ ಬಲ ಕೊಡುವುದು ಆ ಪಿಐಆರ್ ನಂಬರು. ಮೊದಲ ಮೂರು ಅಕ್ಷರ ನೀವು ದೂರು ಕೊಟ್ಟ ನಿಲ್ದಾಣದ್ದು, ಮುಂದಿನ ಎರಡು ವಿಮಾನ ಕಂಪನಿಯದು, ಆಮೇಲೆ ಐದು ಅಂಕಿ. ಆ ಹತ್ತು ಅಕ್ಷರ ಕೈಯಲ್ಲಿಲ್ಲದೆ ನಿಲ್ದಾಣದಿಂದ ಹೊರಗೆ ಕಾಲಿಡಬೇಡಿ. "ಫೋನ್ ನಂಬರ್ ಕೊಟ್ಟು ಹೋಗಿ, ಬಂದರೆ ತಿಳಿಸುತ್ತೇವೆ" ಎಂದು ಇನ್ನೊಂದು ಸಲ ಬೇರೆ ಕಡೆ ಒಬ್ಬರು ಹೇಳಿದ್ದರು. ಬರೆದುಕೊಟ್ಟ ಮೇಲೇ ಹೋಗುತ್ತೇನೆ ಎಂದು ಅಲ್ಲೇ ನಿಂತೆ. ಮನೆಗೆ ಬಂದು ಫೋನಿನಲ್ಲಿ ದೂರು ಕೊಡುತ್ತೇನೆ ಅಂದರೆ, ಬ್ಯಾಗು ನಿಲ್ದಾಣದಲ್ಲೇ ಬರಲಿಲ್ಲ ಎಂದು ಸಾಬೀತು ಮಾಡುವ ಹೊರೆ ನಮ್ಮ ತಲೆಗೇ ಬರುತ್ತದೆ.

ಬ್ಯಾಗು ಅದಲುಬದಲಾದದ್ದು ಒಂದು ಸಲ. ಬೆಂಗಳೂರಿನ ಬೆಲ್ಟಿನಲ್ಲಿ ನನ್ನದೇ ತರಹದ ಕಪ್ಪು ಬ್ಯಾಗು ಒಂದೇ ಸುತ್ತುತ್ತಿತ್ತು, ನನ್ನ ಚುಕ್ಕೆ ಹೆಬ್ಬಾಳದ ಕಡೆ ಹೊರಟಿತ್ತು. ಉಳಿದ ಬ್ಯಾಗಿನ ಚೀಟಿ ನೋಡಿ ಸಿಬ್ಬಂದಿ ಅದರವರಿಗೆ ಫೋನ್ ಮಾಡಿದರು. ಹಿರಿಯರೊಬ್ಬರು, ಪಾಪ, ಅರ್ಧ ದಾರಿಯಿಂದ ತಿರುಗಿ ಬಂದರು. ಅಂದಿನಿಂದ ಹಿಡಿಕೆಗೆ ಡೆನಿಮ್ ಪಟ್ಟಿ ಸುತ್ತಿ, ಕೆಂಪು ದಾರದಲ್ಲಿ ನನ್ನ ಫೋನ್ ನಂಬರು ಹೊಲಿದಿದ್ದೇನೆ.

ಇನ್ನು ನಮ್ಮ ಕಡೆಯ ಸಂಗತಿ. ಕಳೆದ ವರ್ಷ ವಾಪಸ್ ಬರುವಾಗ ತಪ್ಪಿದ ಬ್ಯಾಗನ್ನು ಮನೆಗೇ ಕಳಿಸುತ್ತೇವೆ ಅಂದರು, ಬೆಂಗಳೂರಿನಿಂದ ಬಳ್ಳಾರಿಗೆ ಮುನ್ನೂರು ಕಿಲೋಮೀಟರ್ ಮೇಲೆ. ತುಮಕೂರು, ಶಿರಾ, ಹಿರಿಯೂರು ಎಲ್ಲ ಕಾಣಿಸಿತು. ಚಳ್ಳಕೆರೆ ದಾಟಿದ ಮೇಲೆ ನಾಲ್ಕು ಗಂಟೆ ಸುದ್ದಿಯಿಲ್ಲ. ಓಡುವ ಗಾಡಿಯೊಳಗಿನ ಟ್ಯಾಗಿಗೆ ಪಕ್ಕದಲ್ಲೇ ಸ್ವಲ್ಪ ಹೊತ್ತು ಇರುವ ಐಫೋನ್ ಬೇಕು, ಆ ಬಯಲಿನಲ್ಲಿ ಎಲ್ಲಿ ಸಿಗಬೇಕು? ಬಳ್ಳಾರಿಯ ರಾಯಲ್ ಸರ್ಕಲ್‌ಗೆ ಬಂದ ಮೇಲೆ ಮತ್ತೆ ಮಿನುಗಿತು. ಸಿರುಗುಪ್ಪ, ಕಂಪ್ಲಿ ಕಡೆಯ ಹಳ್ಳಿಗಳಲ್ಲಿ ಇರುವವರು ಕಡೆಯ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಇದನ್ನು ನೆಚ್ಚಿಕೊಳ್ಳುವುದು ಬೇಡ, ಕೊರಿಯರ್ ಹುಡುಗನ ನಂಬರೇ ವಾಸಿ.

ಬ್ಯಾಟರಿ ಸಿಆರ್2032, ಗಡಿಯಾರದ ಅಂಗಡಿಯಲ್ಲಿ ಸಿಗುವ ಬಿಲ್ಲೆ. ಒಂದು ವರ್ಷ ಬರುತ್ತದೆ, ಎರಡು ಸಲ ಬದಲಿಸಿದ್ದೇನೆ. ಎರಡನೆಯ ಸಲ ಹೊಸ ಬ್ಯಾಟರಿ ಹಾಕಿದರೂ ಟ್ಯಾಗು ಸದ್ದು ಮಾಡಲಿಲ್ಲ. ಮಕ್ಕಳು ನುಂಗಬಾರದೆಂದು ಕೆಲವು ಬ್ಯಾಟರಿಗಳಿಗೆ ಕಹಿ ಲೇಪ ಹಚ್ಚಿರುತ್ತಾರೆ, ಆ ಲೇಪ ಇದ್ದರೆ ಒಳಗಿನ ಸಂಪರ್ಕ ಸರಿಯಾಗಿ ಕೂರದಿರಬಹುದು. ಲೇಪ ಇಲ್ಲದ್ದು ಹಾಕಿದ ಕೂಡಲೇ ಟಿಣ್ ಅಂತು. ಊರಿಗೆ ಹೊರಡುವ ಹಿಂದಿನ ರಾತ್ರಿ ಬ್ಯಾಟರಿ ಬದಲಿಸಬೇಡಿ, ವಾರ ಮೊದಲೇ ಬದಲಿಸಿ ನೋಡಿಕೊಳ್ಳಿ. ಇಷ್ಟು ಚಿಕ್ಕ ಲಿಥಿಯಂ ಬಿಲ್ಲೆಯನ್ನು ಚೆಕ್-ಇನ್ ಬ್ಯಾಗಿನಲ್ಲಿ ಇಡಲು ಅಡ್ಡಿಯಿಲ್ಲ. ಪವರ್ ಬ್ಯಾಂಕ್ ಮಾತ್ರ ಇಡಲೇಬಾರದು, ಅದು ಕೈಚೀಲದಲ್ಲೇ ಇರಬೇಕು.

ನಡುವೆ ಬಂದ ಎರಡು ಸೌಲಭ್ಯಗಳು ತುಂಬ ಉಪಯೋಗಕ್ಕೆ ಬಂದಿವೆ. 2023ರ ಸೆಪ್ಟೆಂಬರಿನಿಂದ ಟ್ಯಾಗನ್ನು ಇನ್ನೂ ಐದು ಜನರ ಜೊತೆ ಹಂಚಿಕೊಳ್ಳಬಹುದು. ಮೊದಲು ನನ್ನ ತಮ್ಮ ಬ್ಯಾಗು ಒಯ್ದರೆ ಅವನ ಐಫೋನಿಗೆ "ಗೊತ್ತಿಲ್ಲದ ಟ್ಯಾಗು ನಿಮ್ಮ ಜೊತೆ ಬರುತ್ತಿದೆ" ಎಂಬ ಎಚ್ಚರಿಕೆ ಬರುತ್ತಿತ್ತು, ಈಗ ಇಬ್ಬರಿಗೂ ಕಾಣಿಸುತ್ತದೆ. 2024ರ ಡಿಸೆಂಬರಿನಲ್ಲಿ ಬಂದ ಐಫೋನಿನ ತಂತ್ರಾಂಶ ಐಒಎಸ್ 18.2ರಲ್ಲಿ, ಕಳೆದ ವಸ್ತುವಿನ ಜಾಗ ತೋರಿಸುವ ಲಿಂಕ್ ಮಾಡಿ ವಿಮಾನ ಕಂಪನಿಗೆ ಕಳಿಸಬಹುದು. ಏಳು ದಿನಕ್ಕೆ ಅಥವಾ ಬ್ಯಾಗು ನಮ್ಮ ಕೈ ಸೇರಿದ ಕೂಡಲೇ ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ಕಳೆದ ವರ್ಷದ ಆ ಬ್ಯಾಗಿಗೆ ನಾನು ಇದನ್ನೇ ಮಾಡಿದೆ, ಕೌಂಟರಿನಲ್ಲಿ ಫೋನು ಎತ್ತಿ ಎತ್ತಿ ತೋರಿಸುವುದು ತಪ್ಪಿತು.

ನನ್ನ ದೊಡ್ಡ ತಕರಾರು ಟ್ಯಾಗಿನ ಬಗ್ಗೆ ಅಲ್ಲ. ದೇಶದೊಳಗಿನ ಪ್ರಯಾಣದಲ್ಲಿ ಬ್ಯಾಗು ಪೂರ್ತಿ ಕಳೆದರೂ ಪರಿಹಾರದ ಮಿತಿ 20,000 ರೂಪಾಯಿ. ನನ್ನ ಎರಡು ಡಜನ್ ಸ್ಯಾಂಪಲ್ಲಿನ ಬಟ್ಟೆ, ಹೊಲಿಗೆ, ವಾಷಿಂಗ್ ಲೆಕ್ಕ ಹಾಕಿದರೆ ಅಷ್ಟಕ್ಕೆ ಹತ್ತಿರ ಬರುತ್ತದೆ, ಆದರೆ ಮಾಸ್ಟರ್ ಹದಿನೈದು ದಿನ ಕೂತು ತೆಗೆದ ಪ್ಯಾಟರ್ನಿಗೆ ಯಾರು ಬೆಲೆ ಕಟ್ಟುತ್ತಾರೆ? ಇದು ಬದಲಾಗಬೇಕು. ಸದ್ಯಕ್ಕೆ ನಾನು ಪ್ರತಿ ನಮೂನೆಯ ಒಂದೊಂದು ಪ್ಯಾಂಟನ್ನು ಕೈಚೀಲದಲ್ಲೂ ಇಡುತ್ತೇನೆ.

ಐಫೋನ್ ಇಲ್ಲದವರಿಗೆ ಏರ್‌ಟ್ಯಾಗ್ ಪ್ರಯೋಜನವಿಲ್ಲ. ನಮ್ಮ ಮಾಸ್ಟರ ಮಗಳು ನರ್ಸ್ ಕೆಲಸಕ್ಕೆ ಮುಂದಿನ ವಾರ ದುಬೈಗೆ ಹೊರಟಿದ್ದಾಳೆ, ಅವಳದು ಆಂಡ್ರಾಯ್ಡ್ ಫೋನು. ಅವಳಿಗೆ ಗೂಗಲ್‌ನ ಜಾಲದಲ್ಲಿ ನಡೆಯುವ ಬೇರೆ ಟ್ಯಾಗು ಕೊಡಿಸಿದೆ. ಹೊರದೇಶದ ಪ್ರಯಾಣಕ್ಕೆ ಲೆಕ್ಕ ಬೇರೆ ಎಂದೂ ಹೇಳಿದೆ. ದೇಶದೇಶಗಳ ನಡುವಿನ ವಿಮಾನ ಪ್ರಯಾಣಕ್ಕೆ ಇರುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗು ಬರಬೇಕಾದ ದಿನದಿಂದ 21 ದಿನ ಕಳೆದರೆ ಅದನ್ನು ಕಳೆದದ್ದೆಂದು ಪರಿಗಣಿಸಿ ಹಕ್ಕು ಕೇಳಬಹುದು. 2024ರ ಡಿಸೆಂಬರ್ 28ರಿಂದ ಪರಿಹಾರದ ಮಿತಿ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿ ಲೆಕ್ಕಕ್ಕೆ ಬಳಸುವ ಘಟಕ), ನಮ್ಮ ಹಣದಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಮೇಲೆ. ತಡವಾಗಿ ಬಂದ ಬ್ಯಾಗಿಗೆ, ಕೈಗೆ ಸಿಕ್ಕ 21 ದಿನದೊಳಗೆ, ಒಡೆದು ಬಂದಿದ್ದರೆ ಏಳು ದಿನದೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು.

ನಿನ್ನೆ ಸಂಜೆ ಅವರ ಮನೆಗೆ ಹೋಗಿ ಅವಳ ಪೆಟ್ಟಿಗೆ ತೆರೆದಿಡಿಸಿ, ಒಳಗಿನ ಒಂದೊಂದು ಸಾಮಾನೂ ಕಾಣುವ ಹಾಗೆ ಫೋಟೊ ತೆಗೆಸಿದೆ. ಬಟ್ಟೆ, ಶೇಂಗಾ ಹೋಳಿಗೆ ಡಬ್ಬಿ, ಅವ್ವ ಕೊಟ್ಟ ಕೌದಿ. ಸರ್ಟಿಫಿಕೇಟುಗಳ ಫೈಲು ಪೆಟ್ಟಿಗೆಯಲ್ಲೇ ಇತ್ತು. ಅದನ್ನು ತೆಗೆಸಿ ಕೈಚೀಲಕ್ಕೆ ಹಾಕಿಸಿದೆ. ಟ್ಯಾಗನ್ನು ಅವಳೇ ಕೌದಿಯ ಮಡಿಕೆಯಲ್ಲಿಟ್ಟು ಹೊಲಿದಳು.