ಹಳೇ ಸ್ಪೀಡ್‌ಬೋಟಿಗೆ 60 ಹೆಚ್‌ಪಿ ಎಂಜಿನ್: ಜುವಾರಿಯಲ್ಲಿ ಮೂರನೇ ಸೀಸನ್

ನನ್ನದು 18 ಅಡಿಯ ಫೈಬರ್ ಬೋಟು. ವಯಸ್ಸು ಇಪ್ಪತ್ತು ದಾಟಿದೆ. ಅದರಲ್ಲಿದ್ದ 40 ಹೆಚ್‌ಪಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ (ಬೋಟಿನ ಹಿಂದೆ ಹೊರಗೆ ನೇತು ಹಾಕುವ ಎಂಜಿನ್) ತೆಗೆದು ಸುಜುಕಿ ಡಿಎಫ್ 60 ಎ ಹಾಕಿಸಿದೆ. ಈಗ ಮೂರನೇ ಸೀಸನ್ ನಡೆಯುತ್ತಿದೆ. ಎಂಜಿನ್ ಬಗ್ಗೆ ಖುಷಿ ಇದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಸ ಎಂಜಿನ್ ಕೂರಿಸಿದ ಮೇಲೂ ಕೆಲವು ವಾರ ಬೋಟು ತೆವಳಿಕೊಂಡೇ ಓಡಿತು. ಲಕ್ಷಗಟ್ಟಲೆ ಸುರಿದಿದ್ದು ಇದಕ್ಕಾ ಅನ್ನಿಸುವಷ್ಟು. ಅದನ್ನು ಸರಿ ಮಾಡಿದ್ದು ಒಂದು ಅಲ್ಯೂಮಿನಿಯಂ ಫ್ಯಾನ್, ಅಂದರೆ ನೀರಿನೊಳಗೆ ತಿರುಗಿ ಬೋಟನ್ನು ತಳ್ಳುವ ಪ್ರೊಪೆಲ್ಲರ್. ಎಂಜಿನ್ನಿನ ಬೆಲೆ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಇಲ್ಲಿ ಫ್ಯಾನಿನ ಮಾತೇ ಜಾಸ್ತಿ ಬರುತ್ತದೆ.

ನಾನು ಅಂಕೋಲೆಯವನು, ಕೆಲಸ ವಾಸ್ಕೋದಲ್ಲಿ. ಬೋಟು ಇರುವುದು ಕೊರ್ಟಾಲಿಂ ಹತ್ತಿರ, ಗೋವಾದ ಜುವಾರಿ ನದಿಯ ದಂಡೆಯಲ್ಲಿ. ಬಾಡಿಗೆಗೆ ಓಡಿಸುವುದಿಲ್ಲ. ಭಾನುವಾರ ಗಾಳ ಹಾಕುವುದು, ಊರಿಂದ ನೆಂಟರು ಬಂದರೆ ಕುಂಬಾರ್ಜುವಾ ಕಾಲುವೆಗೆ ಕರೆದುಕೊಂಡು ಹೋಗಿ ಮೊಸಳೆ ತೋರಿಸುವುದು, ಬೇಸಿಗೆಯಲ್ಲಿ ಚಿಕಾಲಿಂ ಕೊಲ್ಲಿಯ ಕಡೆ ಒಂದು ಸುತ್ತು. ಇಷ್ಟೇ ಬಳಕೆ. ಆದರೆ ನೆಂಟರು ಬಂದರೆ ಆರು ಜನ, ಜೊತೆಗೆ ಐಸ್ ಪೆಟ್ಟಿಗೆ, ಊಟದ ಡಬ್ಬಿ, ನೀರಿನ ಕ್ಯಾನು ಎಲ್ಲ ಹತ್ತುತ್ತದೆ. ಮಾರ್ಚ್ ನಂತರ ಮಧ್ಯಾಹ್ನ ವಾಯವ್ಯದ ಗಾಳಿ ಎದ್ದರೆ ಜುವಾರಿಯ ಅಗಲದಲ್ಲಿ ಸಣ್ಣ ಅಲೆ ಏಳುತ್ತದೆ. ಆಗ ನಿಧಾನಕ್ಕೆ ಹೋಗುವ ಬೋಟಿನಲ್ಲಿ ಎಲ್ಲರೂ ಒದ್ದೆ. ಹಳೇ ಎಂಜಿನ್ ಆರು ಜನರನ್ನು ಹೊತ್ತು ಪ್ಲೇನ್ ಆಗುವುದಕ್ಕೇ, ಅಂದರೆ ಬೋಟು ಮೇಲೆದ್ದು ನೀರಿನ ಮೇಲೆ ಜಾರುತ್ತಾ ಓಡುವುದಕ್ಕೇ, ಒದ್ದಾಡುತ್ತಿತ್ತು. ಒಂದು ಸಿಲಿಂಡರಿನ ಕಂಪ್ರೆಶನ್ ಬೇರೆ ಇಳಿದಿತ್ತು. ಪೆಟ್ರೋಲಿಗೆ 50ಕ್ಕೆ 1ರಂತೆ ಆಯಿಲ್ ಬೆರೆಸುವುದು, ಹಿಂದೆ ಕೂತವರಿಗೆ ಹೊಗೆ, ಇದೆಲ್ಲ ಸಾಕಾಗಿತ್ತು.

60 ಹೆಚ್‌ಪಿ ಯಾಕೆ, 75 ಯಾಕಲ್ಲ ಅಂತ ಕೆಲವರು ಕೇಳಿದರು. ಬೋಟಿನ ಒಳಗೆ ಕಟ್ಟಿದವರು ಅಂಟಿಸಿದ ಪ್ಲೇಟ್ ಇದೆ, ಅದರಲ್ಲಿ ಗರಿಷ್ಠ 60 ಅಂತಿದೆ. ಅಲ್ಲಿಗೆ ಮಾತು ಮುಗಿಯಿತು. ಯಮಹಾ ಎಫ್ 60, ಹೋಂಡಾ ಬಿಎಫ್ 60 ಎರಡನ್ನೂ ನೋಡಿದೆ. ಎರಡೂ ಒಂದು ಲೀಟರಿನ ಆಸುಪಾಸಿನ ಎಂಜಿನ್ನುಗಳು, ಹೆಸರಿದ್ದಂಥವು. ಸುಜುಕಿಯದು 941 ಸಿಸಿ, ಮೂರು ಸಿಲಿಂಡರ್, ತೂಕ 104 ಕೆಜಿ. ನನಗೆ ಹಿಡಿಸಿದ್ದು ಎರಡು ವಿಷಯ. ಒಂದು, ಟೈಮಿಂಗ್ ಬೆಲ್ಟ್ ಬದಲು ಆಯಿಲ್‌ನಲ್ಲೇ ಓಡುವ ಚೈನ್. ಇನ್ನೊಂದು ಗೇರ್ ಅನುಪಾತ, 2.27. ಅಂದರೆ ಎಂಜಿನ್ 2.27 ಸುತ್ತು ಸುತ್ತಿದರೆ ಫ್ಯಾನ್ ಒಂದು ಸುತ್ತು. ಫ್ಯಾನ್ ನಿಧಾನಕ್ಕೆ, ಆದರೆ ಬಲವಾಗಿ ತಿರುಗುತ್ತದೆ. ನನ್ನ ಬೋಟಿನಂಥ ಭಾರದ ಹಳೇ ಒಡಲಿಗೆ ಅದೇ ಬೇಕು.

ಎಂಜಿನ್ ತರುವ ಮೊದಲು ಟ್ರಾನ್ಸಮ್ ನೋಡಿಸಿದ್ದು ಒಳ್ಳೆಯದಾಯಿತು. ಎಂಜಿನ್ ನೇತು ಹಾಕುವ ಹಿಂದಿನ ಗೋಡೆ ಇದು. ಹೊರಗೆ ಫೈಬರ್, ಒಳಗೆ ಪ್ಲೈವುಡ್. ಹಳೇ ಬೋಲ್ಟ್ ತೂತುಗಳಿಂದ ನೀರು ಇಳಿದು ಪ್ಲೈ ಕೊಳೆಯುತ್ತದೆ, ಹೊರಗೆ ಏನೂ ಗೊತ್ತಾಗುವುದಿಲ್ಲ. ನನ್ನ ಮೆಕ್ಯಾನಿಕ್ ರಾಣೆಬೆನ್ನೂರು ಕಡೆಯವನು, ಗೋವಾಕ್ಕೆ ಬಂದು ಬಹಳ ವರ್ಷವಾಗಿದೆ. ಸುತ್ತಿಗೆಯ ಹಿಡಿಯಿಂದ ಅಲ್ಲಲ್ಲಿ ತಟ್ಟಿದ. ಮೇಲೆ ಟಣ್ ಅಂದಿತು, ಕೆಳಗೆ ಬಲಮೂಲೆಯಲ್ಲಿ ಡಬ್ ಅಂದಿತು. ಅಲ್ಲಿ ಸಣ್ಣ ಡ್ರಿಲ್ ಹಾಕಿದರೆ ಒದ್ದೆ ಹುಡಿ ಬಂತು. 'ಸರ್, ಇದರ ಮ್ಯಾಲ ನೂರು ಕೆಜಿ ಕೂಡ್ಸಿದ್ರ ಎಂಜಿನ್ ಒಂದ್ ಕಡೆ, ನೀವ್ ಒಂದ್ ಕಡೆ' ಅಂದ. ಒಳಗಿನ ಪ್ಲೈ ಪೂರ್ತಿ ಕೆರೆದು, ಮರೀನ್ ಪ್ಲೈ ಕೂರಿಸಿ, ಮತ್ತೆ ಫೈಬರ್ ಮ್ಯಾಟ್ ಮತ್ತು ರೆಸಿನ್ ಹಾಕಿಸಿದೆವು. ಹಳೇ ಬೋಟಿಗೆ ಹೊಸ ಎಂಜಿನ್ ನೋಡುತ್ತಿದ್ದರೆ ಶೋರೂಮಿಗೆ ಹೋಗುವ ಮೊದಲು ಟ್ರಾನ್ಸಮ್ ತಟ್ಟಿ ನೋಡಿ.

ಇನ್ನು ಖರ್ಚು. ಎಂಜಿನ್ನಿನ ಬೆಲೆ ಮಾತ್ರ ಲೆಕ್ಕ ಹಾಕಿ ಕೂತರೆ ಆಗುವುದಿಲ್ಲ. ಹಳೇ ಕಂಟ್ರೋಲ್ ಬಾಕ್ಸ್, ಕೇಬಲ್, ಮೀಟರ್ ಯಾವುದೂ ಹೊಂದಲಿಲ್ಲ. ದೊಡ್ಡ ಬ್ಯಾಟರಿ ಬೇಕಾಯಿತು, ಪೆಟ್ರೋಲ್ ಪೈಪ್ ಹೊಸದು. ಟ್ರಾನ್ಸಮ್ ಕೆಲಸವೂ ಸೇರಿ ಎಂಜಿನ್ ಬೆಲೆಯ ಕಾಲು ಭಾಗದಷ್ಟು ಮೇಲೆ ಹೋಯಿತು.

ತೂಕದ ವಿಷಯಕ್ಕೆ ಬರೋಣ. ಹಳೆಯದಕ್ಕಿಂತ ಇದು ಸುಮಾರು 30 ಕೆಜಿ ಜಾಸ್ತಿ, ಅದೂ ಬೋಟಿನ ತುದಿಯಲ್ಲಿ. ನಿಂತಿದ್ದಾಗ ಹಿಂಭಾಗ ಕಣ್ಣಿಗೆ ಕಾಣುವಷ್ಟು ತಗ್ಗಿತು. ಡೆಕ್ಕಿನ ನೀರು ಹೊರಹೋಗುವ ತೂತುಗಳು ಹೆಚ್ಚುಕಡಿಮೆ ನೀರಿನ ಮಟ್ಟಕ್ಕೇ ಬಂದವು. ಓಡುವಾಗ ಮೂಗು ಮೇಲೆ ಕೆಳಗೆ ಕುಣಿಯಿತು. ಬ್ಯಾಟರಿಯನ್ನು ನಡುಭಾಗದ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕನ್ನು ಇನ್ನೂ ಸ್ವಲ್ಪ ಮುಂದೆ ಸರಿಸಿದೆವು. ಕುಣಿತ ನಿಂತಿತು. ಉಳಿದದ್ದನ್ನು ಪವರ್ ಟ್ರಿಮ್, ಅಂದರೆ ಬಟನ್ ಒತ್ತಿ ಎಂಜಿನ್ನನ್ನು ಮೇಲೆ ಕೆಳಗೆ ವಾಲಿಸುವ ವ್ಯವಸ್ಥೆ, ನೋಡಿಕೊಂಡಿತು. ಈ ಎಂಜಿನ್ನಿನಲ್ಲಿ ನನಗೆ ಅತೀ ಇಷ್ಟವಾದದ್ದು ಈ ಬಟನ್. ಮುಂಚೆ ಆಳ ಕಡಿಮೆ ಇದ್ದ ಕಡೆ ಹಿಂದೆ ಹೋಗಿ ಕೈಯಲ್ಲಿ ಎತ್ತಿ ಪಿನ್ ಹಾಕಬೇಕಿತ್ತು. ಈಗ ಇಳಿತದ ಹೊತ್ತಿನಲ್ಲಿ ಮರಳು ದಿಬ್ಬ ಬಂದರೆ ಹೆಬ್ಬೆರಳು ಒತ್ತಿದರೆ ಸಾಕು. ಇಲ್ಲಿ ಭರತ ಇಳಿತದ ನಡುವೆ ಎರಡು ಮೀಟರಿನಷ್ಟು ವ್ಯತ್ಯಾಸ ಬರುವ ದಿನಗಳೂ ಇವೆ. ಬೆಳಗ್ಗೆ ದಾಟಿದ ಜಾಗದಲ್ಲಿ ಸಂಜೆ ಕೊಕ್ಕರೆ ನಿಂತಿರುತ್ತದೆ.

ಈಗ ಫ್ಯಾನ್.

ಮಾರಿದವರು ಎಂಜಿನ್ ಜೊತೆ 14 ಇಂಚು ಪಿಚ್‌ನ ಮೂರು ಎಲೆಯ ಅಲ್ಯೂಮಿನಿಯಂ ಫ್ಯಾನ್ ಕೊಟ್ಟರು. 'ಎಲ್ಲರಿಗೂ ಇದೇ ಕೊಡುವುದು' ಅಂದರು. ನನ್ನ ಬೋಟಿನ ತೂಕ ಎಷ್ಟು, ಎಷ್ಟು ಜನ ಕೂರುತ್ತಾರೆ, ಒಂದನ್ನೂ ಕೇಳಲಿಲ್ಲ. ಪಿಚ್ ಅಂದರೆ ಮರದೊಳಗೆ ಸ್ಕ್ರೂ ಇಳಿದ ಹಾಗೆ, ಜಾರದೇ ಹೋದರೆ ಫ್ಯಾನ್ ಒಂದು ಸುತ್ತಿಗೆ ಎಷ್ಟು ಮುಂದೆ ಹೋಗುತ್ತದೆ ಅನ್ನುವ ಅಳತೆ. ಪಿಚ್ ಜಾಸ್ತಿ ಆದಷ್ಟೂ ಎಂಜಿನ್ನಿಗೆ ತಿರುಗಿಸುವುದು ಕಷ್ಟ. ಈ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ 5,300ರಿಂದ 6,300 ಆರ್‌ಪಿಎಂ ಒಳಗೆ ಇರಬೇಕು ಅಂತ ಕಂಪನಿಯೇ ಹೇಳುತ್ತದೆ. ನಾನೊಬ್ಬನೇ ಇದ್ದಾಗ ಕಷ್ಟಪಟ್ಟು 5,300 ಮುಟ್ಟುತ್ತಿತ್ತು. ಆರು ಜನ ಕೂತರೆ 4,900ಕ್ಕೆ ನಿಂತುಬಿಡುತ್ತಿತ್ತು. ಲಿವರ್ ಪೂರ್ತಿ ಮುಂದಿದ್ದರೂ ಮೂಗು ಆಕಾಶ ನೋಡುತ್ತಾ ನೀರನ್ನು ಉಳುತ್ತಿತ್ತು. ಟಾಪ್ ಗೇರಿನಲ್ಲಿ ಘಾಟಿ ಹತ್ತಿಸಿದರೆ ಎಂಜಿನ್ನಿಗೆ ಒಳ್ಳೆಯದಲ್ಲ ಅಲ್ವಾ, ಇದೂ ಅಷ್ಟೇ. ಆರ್‌ಪಿಎಂ ಏರದೆ ಥ್ರಾಟಲ್ ಪೂರ್ತಿ ತೆರೆದಿದ್ದರೆ ಬೇರಿಂಗು, ಪಿಸ್ಟನ್ ಎಲ್ಲದರ ಮೇಲೂ ಹೊರೆ ಬೀಳುತ್ತದೆ.

ಪಿಚ್ ಒಂದು ಇಂಚು ಇಳಿಸಿದರೆ 150ರಿಂದ 200 ಆರ್‌ಪಿಎಂ ಏರುತ್ತದೆ ಅನ್ನುವುದು ಎಲ್ಲ ಕಡೆ ನಡೆಯುವ ಲೆಕ್ಕ. ಮೆಕ್ಯಾನಿಕ್ ಯಾರದೋ ಬೋಟಿನ 12 ಇಂಚಿನ ಫ್ಯಾನ್ ಒಂದು ದಿನಕ್ಕೆ ತಂದು ಹಾಕಿದ. ಆರು ಜನರ ಭಾರಕ್ಕೆ 5,300 ಬಂತು. ಸರಿ, ಆದರೆ ಅಂಚಿನಲ್ಲೇ. ಬೋಟಿನ ತಳಕ್ಕೆ ಪಾಚಿ ಸ್ವಲ್ಪ ಹಿಡಿದರೂ ಮತ್ತೆ ಕೆಳಗೆ ಜಾರುತ್ತದೆ. 11 ಇಂಚಿನದು ಹಾಕಿದ ಮೇಲೆ 5,500. ಅವತ್ತು ಲಿವರ್ ತಳ್ಳಿದಾಗ ಹಿಂದೆ ಕೂತಿದ್ದ ಮಾವ ಐಸ್ ಪೆಟ್ಟಿಗೆ ತಬ್ಬಿಕೊಂಡರು. ಬೋಟು ಎದ್ದು ಸಪಾಟಾಗಿ ಓಡಿತು. ಹಾಗೆ ಎದ್ದ ಮೇಲೆ ಥ್ರಾಟಲ್ ಸ್ವಲ್ಪ ಇಳಿಸಿದರೂ ಮಲಗುವುದಿಲ್ಲ.

ಲೆಕ್ಕವೂ ಹೊಂದುತ್ತದೆ. 5,500ನ್ನು 2.27ರಿಂದ ಭಾಗಿಸಿದರೆ ಫ್ಯಾನ್ ನಿಮಿಷಕ್ಕೆ ಸುಮಾರು 2,420 ಸುತ್ತು. ಸುತ್ತಿಗೆ 11 ಇಂಚಿನಂತೆ ಗಂಟೆಗೆ 40 ಕಿಮೀ ಮೇಲೆ ಹೋಗಬೇಕು. ಜಿಪಿಎಸ್ ತೋರಿಸಿದ್ದು 34, 35. ಅಂದರೆ ಜಾರಿಕೆ ನೂರಕ್ಕೆ 15ರ ಆಸುಪಾಸು. ಇಂಥ ಬೋಟಿಗೆ ಇದು ಸಹಜ. ಅದೇ 14 ಇಂಚಿನ ಫ್ಯಾನಿನಲ್ಲಿ 4,900ಕ್ಕೆ 46 ಬರಬೇಕಿತ್ತು, ಬಂದದ್ದು 36. ಶೇಕಡಾ 20ಕ್ಕಿಂತ ಜಾಸ್ತಿ ಜಾರಿಕೆಯಲ್ಲೇ ಹೋಯಿತು. ನೋಡಿ, ತುಂಬಿದ ಬೋಟಿನಲ್ಲಿ ಟಾಪ್ ಸ್ಪೀಡ್ ಹೆಚ್ಚುಕಡಿಮೆ ಅಷ್ಟೇ ಇದೆ. ಬದಲಾದದ್ದು ಎದ್ದೇಳುವ ರೀತಿ, ಪೆಟ್ರೋಲ್ ಮತ್ತು ಎಂಜಿನ್ನಿನ ಸದ್ದು. ಒಬ್ಬನೇ ಇದ್ದಾಗ ಮಾತ್ರ ಮೂರ್ನಾಲ್ಕು ಕಿಮೀ ಕಳೆದುಕೊಂಡಿದ್ದೇನೆ. ಒಬ್ಬನೇ ಹೋಗುವಾಗ ನನಗೆ ಅವಸರವೇ ಇರುವುದಿಲ್ಲ, ಬಿಡಿ.

ಎತ್ತರವನ್ನೂ ನೋಡಿಸಿ. ಫ್ಯಾನಿನ ಮೇಲಿರುವ ಚಪ್ಪಟೆ ಪ್ಲೇಟ್ ಬೋಟಿನ ತಳಕ್ಕೆ ಸಮ ಅಥವಾ ಒಂದು ಇಂಚು ಮೇಲೆ ಇರಬೇಕು. ನಮ್ಮದು ಮೊದಲು ತೀರಾ ಕೆಳಗಿತ್ತು, ಸುಮ್ನೆ ನೀರಿನ ಎಳೆತ. ಬೋಲ್ಟ್ ಒಂದು ತೂತು ಬದಲಿಸಿ ಎತ್ತಿದೆವು. ತುಂಬಾ ಎತ್ತಿದರೆ ತಿರುವಿನಲ್ಲಿ ಫ್ಯಾನ್ ಗಾಳಿ ಎಳೆದುಕೊಂಡು ಎಂಜಿನ್ ಕಿರುಚುತ್ತದೆ.

ಸ್ಟೀಲ್ ಫ್ಯಾನ್ ಹಾಕಿ ಅನ್ನುವವರು ಬಹಳ. ಎಲೆ ತೆಳ್ಳಗೆ, ಬಾಗುವುದಿಲ್ಲ, ವೇಗವೂ ಸ್ವಲ್ಪ ಸಿಗುತ್ತದೆ, ನಿಜ. ಆದರೆ ಬೆಲೆ ಹಲವು ಪಟ್ಟು. ಅದಕ್ಕಿಂತ ಮುಖ್ಯ, ಜುವಾರಿಯ ತಳದಲ್ಲಿ ಕಲ್ಲು, ಚಿಪ್ಪಿನ ದಿಬ್ಬ, ಹಳೇ ಬಲೆ ಕಟ್ಟುವ ಗೂಟ ಎಲ್ಲ ಇವೆ. ಅಲ್ಯೂಮಿನಿಯಂ ಎಲೆ ಬಡಿದರೆ ತಾನು ಬಾಗುತ್ತದೆ, ಒಳಗಿನ ಗೇರು ಉಳಿಯುತ್ತದೆ. ಸ್ಟೀಲ್ ಬಾಗದೆ ಏಟನ್ನು ಗೇರಿನ ಕಡೆ ದಾಟಿಸುವ ಸಾಧ್ಯತೆ ಹೆಚ್ಚು. ಹೋದ ಸೀಸನ್ ನನ್ನದರ ಒಂದು ಎಲೆಯ ತುದಿ ಮಡಚಿತ್ತು. ವೆಲ್ಡಿಂಗ್ ಮಾಡಿಸಿ ನೇರ ಮಾಡಿಸಿದೆ, ಕೆಲಸ ಮುಗಿಯಿತು.

ಪೆಟ್ರೋಲ್ ವಿಷಯ. ಆರು ಜನರೊಂದಿಗೆ 4,500 ಆರ್‌ಪಿಎಂನಲ್ಲಿ ಗಂಟೆಗೆ 27, 28 ಕಿಮೀ ಹೋಗುತ್ತೇನೆ. ಗಂಟೆಗೆ 11, 12 ಲೀಟರ್ ಕುಡಿಯುತ್ತದೆ. ಹಳೆಯದು ಅದೇ ವೇಗಕ್ಕೆ ಹೆಚ್ಚುಕಡಿಮೆ ಪೂರ್ತಿ ಥ್ರಾಟಲ್ ಕೇಳುತ್ತಿತ್ತು, 17 ಲೀಟರಿನವರೆಗೂ ಹೋಗುತ್ತಿತ್ತು. ಮೇಲೆ ಆಯಿಲ್ ಬೇರೆ. ಕಾಲುವೆಯೊಳಗೆ ನಿಧಾನಕ್ಕೆ ಹೋಗುವಾಗಿನ ವ್ಯತ್ಯಾಸ ಇನ್ನೂ ದೊಡ್ಡದು. ಎಂಜಿನ್ ಆನ್ ಇದೆಯಾ ಅಂತ ಎಂಜಿನ್ನಿನಿಂದ ಹೊರಬರುವ ನೀರಿನ ಎಳೆ ನೋಡಿ ತಿಳಿಯಬೇಕು. ಮಾತಾಡಲು ಕೂಗಬೇಕಾಗಿಲ್ಲ. ಮೊಸಳೆಯೂ ಮೊದಲಿನಷ್ಟು ಬೇಗ ನೀರಿಗೆ ಜಾರುವುದಿಲ್ಲ, ನೆಂಟರ ಫೋಟೋಗೆ ಸಿಗುತ್ತದೆ.

ಕಿರಿಕಿರಿ ಕೊಟ್ಟದ್ದು ಇಂಧನದ ಗುಣ. ಈಗ ಪಂಪಿನಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ ನೂರಕ್ಕೆ 20 ಎಥೆನಾಲ್. ಔಟ್‌ಬೋರ್ಡ್‌ಗಳ ಕೈಪಿಡಿಗಳಲ್ಲಿ ಸಾಮಾನ್ಯವಾಗಿ 10ರವರೆಗೆ ಮಾತ್ರ ಒಪ್ಪಿಗೆ ಇರುತ್ತದೆ. ಎಥೆನಾಲ್ ಗಾಳಿಯ ತೇವ ಹೀರುತ್ತದೆ. ಗೋವಾದ ಗಾಳಿ ಹೇಗಿರುತ್ತದೆ ಅಂತ ಗೊತ್ತೇ ಇದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಿಗೆ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ ಎಳೆಯುವುದು ತಳದಿಂದಲೇ. ನನಗೆ ಎರಡನೇ ಸೀಸನ್ನಿನ ಮೊದಲ ವಾರ ಎಂಜಿನ್ ಗೊರಗೊರ ಅಂದು ನಿಲ್ಲಲು ಶುರುವಾಗಿತ್ತು. ಈಗ ಪಾರದರ್ಶಕ ಬಟ್ಟಲಿರುವ 10 ಮೈಕ್ರಾನ್ ಫಿಲ್ಟರ್ ನಡುವೆ ಹಾಕಿಸಿದ್ದೇನೆ. ನೀರು ಕೂತರೆ ಕಣ್ಣಿಗೇ ಕಾಣುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ವಾರಗಟ್ಟಲೆ ಇಡುವುದಿಲ್ಲ. ಜೂನ್‌ಗೆ ಮುಂಚೆ ಪೂರ್ತಿ ಬಸಿದು ಬೋಟನ್ನು ಮೇಲೆ ಎಳೆಯುತ್ತೇನೆ.

ಸರ್ವಿಸ್ ಸುಲಭ. ಮೊದಲನೆಯದು 20 ಗಂಟೆಗೆ, ಆಮೇಲೆ 100 ಗಂಟೆಗೊಮ್ಮೆ ಎಂಜಿನ್ ಆಯಿಲ್, ಗೇರ್ ಆಯಿಲ್. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ಬಂದಿದ್ದರೆ ಸೀಲ್ ಹೋಗಿ ನೀರು ಸೇರಿದೆ ಅಂತ ತಿಳಿಯಿರಿ. ನನಗೆ ಇನ್ನೂ ಬಂದಿಲ್ಲ. ಪ್ರತಿ ಸಲ ದಂಡೆಗೆ ಬಂದ ಮೇಲೆ ಸಿಹಿನೀರು ಬಿಟ್ಟು ತೊಳೆಯುತ್ತೇನೆ, ಅದಕ್ಕೆಂದೇ ಒಂದು ಡ್ರಮ್ ಇಟ್ಟಿದ್ದೇನೆ. ನೀರೆಳೆಯುವ ಇಂಪೆಲ್ಲರನ್ನು ಸೀಸನ್ನಿಗೊಮ್ಮೆ ಬಿಚ್ಚಿ ನೋಡಿಸುತ್ತೇನೆ. ಜುವಾರಿಯ ಕೆಸರು ಅದರ ರಬ್ಬರನ್ನು ತಿನ್ನುತ್ತದೆ. ಉಪ್ಪುನೀರಿನ ತುಕ್ಕಿಗೆ ಎಂಜಿನ್ ಬದಲು ತಾನೇ ಕರಗುವ ಸತುವಿನ ತುಂಡು, ಆನೋಡ್, ಅರ್ಧ ಕರಗಿದರೆ ಬದಲಿಸಬೇಕು. ಸಿಟ್ಟು ಬಂದದ್ದು ಬಿಡಿಭಾಗ ತರಿಸಿಕೊಡುವವರ ಮೇಲೆ. ಒಂದು ಥರ್ಮೋಸ್ಟಾಟ್‌ಗೆ ನವೆಂಬರ್ ಅರ್ಧ ಕಾಯಿಸಿದರು, ಫೋನ್ ಮಾಡಿದರೆ ನಾಳೆ ಅನ್ನುತ್ತಿದ್ದರು. ಈಗ ಇಂಪೆಲ್ಲರ್, ಥರ್ಮೋಸ್ಟಾಟ್, ಫಿಲ್ಟರ್ ಎಲ್ಲವನ್ನೂ ಮಳೆಗಾಲದಲ್ಲೇ ಆರ್ಡರ್ ಮಾಡಿ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ.

ಕಾಗದದ ಕೆಲಸ ಮರೆಯಬೇಡಿ. ಎಂಜಿನ್ ಬದಲಾದರೆ ನೋಂದಣಿಯಲ್ಲಿ ಹೊಸ ನಂಬರ್ ಬರೆಸಬೇಕು. ಗೋವಾದಲ್ಲಿ ಅದನ್ನು ನೋಡಿಕೊಳ್ಳುವುದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ವಿಮೆಯವರಿಗೂ ತಿಳಿಸಿ.

ಆ 14 ಇಂಚಿನ ಫ್ಯಾನನ್ನು ಮಾರಿಲ್ಲ. ಬೋಟಿನ ಡಬ್ಬಿಯಲ್ಲಿ ಸ್ಪೇರ್ ಆಗಿ ಇದೆ. 11ರದ್ದಕ್ಕೆ ಏನಾದರೂ ಆದರೆ ದಂಡೆ ಸೇರಲು ಸಾಕು. ಅದರ ಜೊತೆ ಸ್ಪ್ಯಾನರ್, ವಾಶರ್, ನಟ್ ಮತ್ತು ಸ್ಪ್ಲಿಟ್ ಪಿನ್ನುಗಳು. ಮೊಣಕಾಲು ನೀರಿನಲ್ಲಿ ನಿಂತು ಫ್ಯಾನ್ ಬದಲಿಸುವುದು ಕಷ್ಟವಲ್ಲ, ಆದರೆ ಕೆಸರಿಗೆ ಬಿದ್ದ ಪಿನ್ ಮತ್ತೆ ಸಿಗುವುದಿಲ್ಲ. ಅದಕ್ಕೇ ನಮ್ಮ ರಾಣೆಬೆನ್ನೂರಿನವನು ಒಂದು ಮುಷ್ಟಿ ಪಿನ್ ಡಬ್ಬಿಗೆ ಸುರಿದು ಹೋಗಿದ್ದಾನೆ. 'ಹುಡುಕಾಕ್ ಹೋಗಬ್ಯಾಡ್ರಿ ಸರ್, ಇನ್ನೊಂದ್ ಹಾಕ್ರಿ.'