ಚೆಂಗ್ಡುವಿನ ಗಲ್ಲಿ ಊಟದಂಗಡಿಯಲ್ಲಿ ಸಿಕ್ಕ ಜುಮ್ಮನಕಾಯಿ

ನಮ್ಮ ಕಾರ್ಖಾನೆ ಕೊಳ್ಳಲಿದ್ದ ಪ್ಯಾಕಿಂಗ್ ಯಂತ್ರಗಳನ್ನು ಹಡಗಿಗೆ ಏರಿಸುವ ಮೊದಲೇ ಓಡಿಸಿ ನೋಡಿ ಒಪ್ಪಿಗೆ ಬರೆದುಕೊಡುವ ಕೆಲಸಕ್ಕೆಂದು ನಾನು ಹನ್ನೊಂದು ದಿನ ಚೀನಾದ ಸಿಚುವಾನ್ ಪ್ರಾಂತ್ಯದ ರಾಜಧಾನಿ ಚೆಂಗ್ಡುವಿನಲ್ಲಿ ಇರಬೇಕಾಯಿತು. ಜೊತೆಗಿದ್ದ ಸಹೋದ್ಯೋಗಿ ದಾವಣಗೆರೆಯವರು, ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ. ನಾನು ಕುಮಟೆಯವನು, ಮೀನು, ಕೋಳಿ ತಿನ್ನುತ್ತೇನೆ, ದನದ ಮಾಂಸವನ್ನೂ ಹಂದಿಮಾಂಸವನ್ನೂ ತಿನ್ನುವುದಿಲ್ಲ. ಇದನ್ನು ಮೊದಲೇ ಹೇಳಲು ಕಾರಣವಿದೆ. ಆ ಊರಿನ ಊಟದ ಬಗ್ಗೆ ಯಾರು ಏನು ಬರೆದರೂ, ಬರೆದವರು ಏನನ್ನು ತಿನ್ನುವುದಿಲ್ಲ ಎಂಬುದು ತಿಳಿಯದಿದ್ದರೆ ನಮ್ಮವರಿಗೆ ಅದರಿಂದ ಪ್ರಯೋಜನವಿಲ್ಲ.

ನಾನು ಇಲ್ಲಿ ವಿಮರ್ಶಿಸುತ್ತಿರುವುದು ಮುಖ್ಯವಾಗಿ ಒಂದೇ ಅಂಗಡಿಯನ್ನು. ನಾವು ಇಳಿದುಕೊಂಡಿದ್ದ ವಸತಿಗೃಹದ ಹಿಂದಿನ ಗಲ್ಲಿಯಲ್ಲಿ, ಬೈಸಿಕಲ್ ರಿಪೇರಿ ಅಂಗಡಿಗೂ ಹಣ್ಣಿನಂಗಡಿಗೂ ನಡುವೆ, ಆರೇ ಮೇಜುಗಳಿದ್ದ ಊಟದಂಗಡಿ ಅದು. ಇಂಥ ಚಿಕ್ಕ ಅಂಗಡಿಗಳನ್ನು ಚೆಂಗ್ಡುವಿನವರು ‘ನೊಣದ ಹೋಟೆಲು’ ಎಂಬ ಅರ್ಥ ಬರುವ ‘ತ್ಸಾಂಗ್‌ಯಿಂಗ್ ಗ್ವಾನ್‌ಜ್’ ಎಂಬ ಹೆಸರಿನಿಂದ ಕರೆಯುತ್ತಾರೆ. ಬೈಗುಳದಂತೆ ಕೇಳಿಸಿದರೂ ಅದು ಮೆಚ್ಚುಗೆಯ ಮಾತು: ಜಾಗ ಇಕ್ಕಟ್ಟು, ಗೋಡೆ ಜಿಡ್ಡು, ಆದರೆ ಅಡುಗೆ ಮಾತ್ರ ಬಿಡುವಂಥದ್ದಲ್ಲ ಎಂಬ ಭಾವ ಅದರಲ್ಲಿದೆ. ನಮ್ಮ ಅಂಗಡಿಯಲ್ಲಿ ನೊಣ ಕಾಣಲಿಲ್ಲ, ಜಿಡ್ಡಂತೂ ಇತ್ತು. ಗಂಡ ಬಾಣಲೆಯ ಮುಂದೆ, ಹೆಂಡತಿ ಗಲ್ಲಾಪೆಟ್ಟಿಗೆಯ ಮುಂದೆ. ಹಲಗೆಯ ಮೇಲಿದ್ದ ಹೆಸರು ಚೀನೀ ಲಿಪಿಯಲ್ಲಿ ಮಾತ್ರ ಇದ್ದುದರಿಂದ ಅದನ್ನು ಇಲ್ಲಿ ಕೊಡಲಾರೆ. ಕೊಡುವ ಅಗತ್ಯವೂ ಅಷ್ಟಿಲ್ಲ, ಏಕೆಂದರೆ ಹಳೆಯ ಬಡಾವಣೆಗಳಲ್ಲಿ ಇಂಥವು ಗಲ್ಲಿಗೊಂದು ಸಿಗುತ್ತವೆ.

ಮೊದಲ ಸಂಜೆ ಹೋದಾಗ ನನ್ನ ತಲೆಯಲ್ಲಿದ್ದ ‘ಸಿಚುವಾನ್’ ಎಂದರೆ ಬೆಂಗಳೂರಿನ ತಳ್ಳುಗಾಡಿಯ ‘ಶೆಜ್ವಾನ್’ ಫ್ರೈಡ್ ರೈಸ್. ಹೆಸರು ಅದೇ, ಉಚ್ಚಾರ ಕೆಟ್ಟದ್ದು, ಅಷ್ಟೆ. ಆದರೆ ಬೆಳ್ಳುಳ್ಳಿ, ಕೆಂಪು ಮೆಣಸಿನಕಾಯಿ, ವಿನೆಗರ್ ಮತ್ತು ಸಕ್ಕರೆ ಹಾಕಿ ಕುದಿಸಿದ ಆ ಗೊಜ್ಜಿಗೂ ಇಲ್ಲಿ ನನ್ನ ಮುಂದೆ ಬಂದ ತಟ್ಟೆಗೂ ಸಂಬಂಧ ಹುಡುಕುವುದು ಕಷ್ಟ. ಸಿಚುವಾನಿನ ಅಡುಗೆಯನ್ನು ಸಿಚುವಾನಿನದಾಗಿಸುವ ಮುಖ್ಯ ವಸ್ತುವೇ ನಮ್ಮ ಶೆಜ್ವಾನಿನಲ್ಲಿ ಇರುವುದಿಲ್ಲ. ಅದೇನೆಂದು ತಿಳಿಯಲು ನನಗೆ ಎರಡು ತುತ್ತು ಸಾಕಾಯಿತು.

ತಿಂದದ್ದು ಮಾಪೋ ತೋಫು. ಸೋಯಾ ಹಾಲನ್ನು ಒಡೆಸಿ ಹೆಪ್ಪುಗಟ್ಟಿಸಿದ ತೋಫುವನ್ನು ಬೆಂಗಳೂರಿನ ಅಂಗಡಿಗಳಲ್ಲಿ ರಬ್ಬರಿನಂತೆ ಗಟ್ಟಿಯಾಗಿ ಕಂಡವನು ನಾನು. ಇಲ್ಲಿಯದು ಗಿಣ್ಣಿನಷ್ಟು ಮೆದು. ಚಮಚ ತಾಗಿದರೆ ನಡುಗುತ್ತದೆ, ಆದರೆ ಒಡೆಯುವುದಿಲ್ಲ. ಚೌಕಾಕಾರದ ಆ ಬಿಳಿ ತುಂಡುಗಳು ಕೆಂಪೆಣ್ಣೆಯ ಕೆಳಗೆ ಕೊತಕೊತ ಕುದಿಯುತ್ತಲೇ ಮೇಜಿಗೆ ಬಂದವು. ಆ ಕೆಂಪಿನ ಮೂಲ ದೋಬಾನ್‌ಜ್ಯಾಂಗ್ ಎಂಬ ಹುದುಗಿಸಿದ ಗೊಜ್ಜು. ಚೆಂಗ್ಡುವಿನ ಅಂಚಿನಲ್ಲಿರುವ, ಈಗ ಪಿಡು ಎಂದು ಹೆಸರು ಬದಲಿಸಿಕೊಂಡಿರುವ ಪಿಶ್ಯೆನ್ ಇದಕ್ಕೆ ಪ್ರಸಿದ್ಧ. ಅವರೆಯನ್ನು ಹೋಲುವ ದಪ್ಪ ಫಾವಾ ಕಾಳು, ಮೆಣಸಿನಕಾಯಿ ಮತ್ತು ಉಪ್ಪನ್ನು ಮಣ್ಣಿನ ಜಾಡಿಗಳಲ್ಲಿ ತುಂಬಿ, ಬಿಸಿಲಿಗೆ ಬಾಯಿ ತೆರೆದಿಟ್ಟು, ಆಗಾಗ ತಿರುವಿ, ಮಳೆ ಬಂದರೆ ಮುಚ್ಚಿ, ವರ್ಷಗಟ್ಟಲೆ ಕಾಯುತ್ತಾರೆ. ನಮ್ಮಲ್ಲಿ ಉಪ್ಪಿನಕಾಯಿ ಭರಣಿಯ ಮೇಲೆ ಅಜ್ಜಿಯಂದಿರಿಗಿದ್ದ ಕಾಳಜಿಯನ್ನು ನೆನಪಿಸುವ ಕ್ರಮ ಇದು. ಹಾಗೆ ಹುದುಗಿದ ಗೊಜ್ಜನ್ನು ಎಣ್ಣೆಯಲ್ಲಿ ಬಾಡಿಸಿದಾಗ ಬರುವ ರುಚಿ ಬರಿಯ ಖಾರವಲ್ಲ, ಅದಕ್ಕೊಂದು ತಳವಿದೆ.

ಈ ಖಾದ್ಯದ ಹುಟ್ಟನ್ನು 1862ಕ್ಕೆ ಹೇಳುತ್ತಾರೆ. ಚೆಂಗ್ಡುವಿನ ಉತ್ತರದ ವಾನ್‌ಫು ಸೇತುವೆಯ ಬಳಿ ಚೆನ್ ಮನೆತನದವರ ಊಟದಂಗಡಿಯಿತ್ತು, ಎಣ್ಣೆ ಹೊರುವ ಕೂಲಿಗಳು ಅಲ್ಲಿ ಉಣ್ಣುತ್ತಿದ್ದರು, ಅಡುಗೆ ಮಾಡುತ್ತಿದ್ದ ಯಜಮಾನಿಯ ಮುಖದಲ್ಲಿ ಸಿಡುಬಿನ ಕಲೆಗಳಿದ್ದವು ಎಂಬುದು ಕತೆ. ‘ಮಾ’ ಎಂದರೆ ಸಿಡುಬಿನ ಕಲೆ, ‘ಪೋ’ ಎಂದರೆ ವಯಸ್ಸಾದ ಹೆಂಗಸು. ಚೆನ್ ಹೆಸರಿನ ಊಟದಂಗಡಿ ಈಗಲೂ ಆ ಊರಿನಲ್ಲಿದೆ. ಮೂಲ ಖಾದ್ಯದಲ್ಲಿ ದನದ ಮಾಂಸದ ಕೀಮಾ ಇರುತ್ತದೆ ಎಂಬುದನ್ನು ನಮ್ಮವರು ಮರೆಯಬಾರದು. ‘ಬು ಫಾಂಗ್ ರೋ’, ಅಂದರೆ ಮಾಂಸ ಹಾಕಬೇಡಿ, ಎಂದು ಫೋನಿನಲ್ಲಿ ಬರೆದು ತೋರಿಸಿದೆ. ಯಜಮಾನಿ ನನ್ನನ್ನು ಮರುಕದಿಂದ ನೋಡಿದರೂ ಹಾಗೆಯೇ ಮಾಡಿಸಿಕೊಟ್ಟರು.

‘ಮಾ’ ಎಂಬ ಅದೇ ಅಕ್ಷರಕ್ಕೆ ಇನ್ನೊಂದು ಅರ್ಥವೂ ಇದೆ, ಜೋಮು. ತೋಫುವಿನ ಮೇಲೆ ಉದುರಿಸಿದ್ದ ಕಂದು ಪುಡಿ ನಾಲಿಗೆಗೆ ತಾಗಿದ ಅರ್ಧ ನಿಮಿಷದಲ್ಲಿ ತುಟಿ ಅದುರತೊಡಗಿತು. ಎದುರಿಗಿದ್ದ ದಾವಣಗೆರೆಯವರು ಚಮಚ ಕೆಳಗಿಟ್ಟು, “ರೀ, ಇದರೊಳಗೆ ಏನೋ ಹಾಕ್ಯಾರ, ನನ್ನ ತುಟಿ ಇಲ್ಲ ಅನ್ನಿಸ್ತೈತಿ” ಎಂದು ಗಾಬರಿಯಾದರು. ನನಗೆ ಗಾಬರಿಯಾಗಲಿಲ್ಲ, ಏಕೆಂದರೆ ನನ್ನ ಮೂಗು ಅಷ್ಟರಲ್ಲಿ ಕುಮಟೆಯ ಅಡುಗೆಮನೆಗೆ ಹೋಗಿತ್ತು. ಬಂಗುಡೆ ಸಾರು ಇಳಿಸುವ ಹೊತ್ತಿಗೆ ಅಮ್ಮ ಜಜ್ಜಿ ಹಾಕುತ್ತಿದ್ದ ಒಣಕಾಯಿಯ ವಾಸನೆ ಅದು. ಕೊಂಕಣಿಯಲ್ಲಿ ತೆಪ್ಪಲ, ಕನ್ನಡದಲ್ಲಿ ಜುಮ್ಮನಕಾಯಿ. ಆ ಕಂದು ಪುಡಿಯ ಮೂಲವಾದ ಚೀನೀಯರ ಹ್ವಾಜ್ಯಾವ್ ಮತ್ತು ಪಶ್ಚಿಮ ಘಟ್ಟದ ಜುಮ್ಮನಕಾಯಿ, ಎರಡೂ ಜಾಂತೋಕ್ಸೈಲಮ್ ಎಂಬ ಒಂದೇ ಕುಲಕ್ಕೆ, ನಿಂಬೆಯ ವಂಶಕ್ಕೆ ಸೇರಿದ ಮುಳ್ಳುಮರಗಳ ಕಾಯಿಗಳು; ಜಾತಿ ಬೇರೆ, ಅಷ್ಟೆ. ಎರಡರಲ್ಲೂ ಬೇಕಾಗುವುದು ಬಿರಿದ ಸಿಪ್ಪೆ. ಒಳಗಿನ ಕಪ್ಪು ಬೀಜ ಹಲ್ಲಿಗೆ ಮರಳಿನಂತೆ ಸಿಗುವುದರಿಂದ ಅದನ್ನು ಬಿಸಾಡುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವವರು ಈ ಅನುಭವವನ್ನು ವಿವರಿಸಲು ಪುಟ ತುಂಬಿಸುವುದನ್ನು ಓದಿದ್ದೇನೆ. ನಮ್ಮ ಭಾಷೆಗೆ ಆ ಕಷ್ಟವಿಲ್ಲ, ಕಾಯಿಯ ಹೆಸರಿನಲ್ಲಿಯೇ ಜುಮ್ಮು ಇದೆ.

ಆ ಜುಮ್ಮಿಗೆ ಕಾರಣ ಸ್ಯಾನ್‌ಶೂಲ್ ಎಂಬ ರಾಸಾಯನಿಕ. ಅದು ರುಚಿಯ ನರಗಳಿಗಿಂತ ಹೆಚ್ಚಾಗಿ ಸ್ಪರ್ಶದ ನರಗಳನ್ನು ಕೆಣಕುತ್ತದೆ. 2013ರಲ್ಲಿ ಲಂಡನ್ನಿನ ಸಂಶೋಧಕರು ಜನರ ತುಟಿಗೆ ಇದನ್ನು ಹಚ್ಚಿ, ಆಗುವ ಅದುರನ್ನು ಬೆರಳಿಗೆ ಕೊಟ್ಟ ಕಂಪನದೊಂದಿಗೆ ಹೋಲಿಸುವಂತೆ ಕೇಳಿದಾಗ, ಅದು ಸುಮಾರು 50 ಹರ್ಟ್ಜ್‌ಗೆ ಸರಿಹೊಂದಿತ್ತು. ನಮ್ಮ ಕಾರ್ಖಾನೆಗೆ ಬರುವ ವಿದ್ಯುತ್ತಿನ ಆವರ್ತನವೂ 50 ಹರ್ಟ್ಜ್. ಹಗಲೆಲ್ಲ ಯಂತ್ರದ ಮೋಟಾರು ಗುಂಯ್‌ಗುಡುವುದನ್ನು ಕೇಳಿ, ರಾತ್ರಿ ಅದನ್ನೇ ತುಟಿಯ ಮೇಲೆ ಉಂಡಂತಾಯಿತು ಎಂದು ನಾನು ಅಂದುಕೊಂಡದ್ದು ಎಂಜಿನಿಯರನ ಹುಚ್ಚು ಎನ್ನಬಹುದು.

ಬಳಸುವ ರೀತಿ ಮಾತ್ರ ಪೂರ್ತಿ ಬೇರೆ. ನಾವು ಜುಮ್ಮನಕಾಯಿಯನ್ನು ಮಸಾಲೆಯೊಂದಿಗೆ ಅರೆಯುವುದಿಲ್ಲ, ಅರೆದರೆ ಕಹಿ. ಜಜ್ಜಿ ಸಾರಿಗೆ ಹಾಕುತ್ತೇವೆ, ತೆಂಗಿನಕಾಯಿ ಅದರ ಹರಿತವನ್ನು ಮೆತ್ತಗಾಗಿಸುತ್ತದೆ, ಕೊನೆಗೆ ಉಳಿಯುವುದು ಮೀನಿನ ವಾಸನೆಯನ್ನು ಅಡಗಿಸುವ ಒಂದು ಪರಿಮಳ. ಇಲ್ಲಿಯವರು ಹುರಿದು, ಪುಡಿಮಾಡಿ, ತೆಂಗಿನಕಾಯಿಯಂಥ ಯಾವ ತಡೆಯೂ ಇಲ್ಲದೆ ಮೆಣಸಿನಕಾಯಿಯ ಎಣ್ಣೆಯ ಮೇಲೆ ಉದುರಿಸುತ್ತಾರೆ. ಜೋಮಿನ ‘ಮಾ’ ಮತ್ತು ಖಾರದ ‘ಲಾ’ ಸೇರಿ ‘ಮಾಲಾ’. ಜೋಮು ಹಿಡಿದ ನಾಲಿಗೆಗೆ ಖಾರ ಕಡಿಮೆ ಎನಿಸುವುದರಿಂದ ಇನ್ನಷ್ಟು ತಿನ್ನುತ್ತೇವೆ, ಬುದ್ಧಿ ಬರುವಷ್ಟರಲ್ಲಿ ತಟ್ಟೆ ಖಾಲಿ. ಈ ಎರಡರಲ್ಲಿ ಸ್ಥಳೀಯವಾದದ್ದು ಹ್ವಾಜ್ಯಾವ್ ಮಾತ್ರ. ಅಮೆರಿಕ ಖಂಡದಿಂದ ಹೊರಟ ಮೆಣಸಿನಕಾಯಿ ಚೀನಾದ ಬರಹದಲ್ಲಿ ಕಾಣಿಸುವುದು 1591ರಲ್ಲಿ, ಅದೂ ತೋಟದ ಅಂದಕ್ಕೆ ಬೆಳೆಸುವ ಗಿಡವಾಗಿ. ಹಳೆಯ ‘ಜ್ಯಾವ್’ ಶಬ್ದವನ್ನೇ ಹಿಗ್ಗಿಸಿ ಅದಕ್ಕೆ ‘ಲಾಜ್ಯಾವ್’ ಎಂದು ಹೆಸರಿಟ್ಟರು. ನಾವೂ ಕರಿಮೆಣಸಿನ ಹೆಸರನ್ನೇ ಹೊಸಬನಿಗೆ ಕೊಟ್ಟು ಮೆಣಸಿನಕಾಯಿ ಎಂದೆವಲ್ಲವೇ!

ಎರಡನೆಯ ಸಂಜೆ ತರಿಸಿದ್ದು ಯೂಶ್ಯಾಂಗ್ ಚ್ಯೆಜ್, ಅಂದರೆ ‘ಮೀನಿನ ಪರಿಮಳದ ಬದನೆಕಾಯಿ’. ಹೆಸರು ಕೇಳಿ ನನ್ನ ಜೊತೆಗಾರರು ಕುರ್ಚಿ ಹಿಂದೆ ಸರಿಸಿದರು. ಆದರೆ ಇದರಲ್ಲಿ ಮೀನಿಲ್ಲ. ಮೀನಿಗೆ ಹಾಕುವ ಮಸಾಲೆ, ಅಂದರೆ ಉಪ್ಪುನೀರಿನಲ್ಲಿ ಹುಳಿಸಿದ ಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿ, ಸಕ್ಕರೆ ಮತ್ತು ವಿನೆಗರ್, ಬದನೆಗೆ ಬಿದ್ದಿರುತ್ತದೆ. ಉದ್ದನೆಯ ಬದನೆಯನ್ನು ಮೊದಲು ಎಣ್ಣೆಯಲ್ಲಿ ಕರಿದು ಆ ಗೊಜ್ಜಿನಲ್ಲಿ ಹೊರಳಿಸಿದ್ದರು. ಹುಳಿ, ಸಿಹಿ, ಖಾರ ಮೂರೂ ನಮಗೆ ಪರಿಚಿತವಾದ ಹದದಲ್ಲಿಯೇ ಇದ್ದವು. “ಎಣ್ಣೆಗಾಯಿಯ ತಮ್ಮ ಕಣ್ರೀ ಇದು, ಶೇಂಗಾ ಒಂದು ಮರೆತಾರ” ಎಂದು ಅವರು ಅನ್ನ ಎರಡು ಬಟ್ಟಲು ಖಾಲಿ ಮಾಡಿದರು. ಸಸ್ಯಾಹಾರಿಗಳಿಗೆ ನಾನು ಕಣ್ಣು ಮುಚ್ಚಿ ಹೇಳಬಲ್ಲ ಖಾದ್ಯ ಇದಾಗುತ್ತಿತ್ತು, ಆದರೆ ಕಣ್ಣು ತೆರೆದೇ ಇರಬೇಕು: ಮೂರನೆಯ ಸಂಜೆ ಅದೇ ಅಂಗಡಿಯಲ್ಲಿ ಅದೇ ಬದನೆಯ ನಡುವೆ ಹಂದಿಮಾಂಸದ ಸಣ್ಣ ಚೂರುಗಳಿದ್ದವು. ಬಾಣಲೆಯ ಮುಂದೆ ಆ ದಿನ ಬೇರೆ ಹುಡುಗನಿದ್ದ, ನಾವೂ ಹೇಳಲು ಮರೆತಿದ್ದೆವು. ಯಜಮಾನಿ ತಟ್ಟೆ ತೆಗೆದುಕೊಂಡು ಹೋಗಿ, ಹಣ ಹಿಡಿಯದೆ ಬೇರೆ ಮಾಡಿಸಿದರು. ಆದರೂ ಜೊತೆಗಾರರಿಗೆ ಆ ಸಂಜೆ ಊಟ ಸೇರಲಿಲ್ಲ. ‘ವೋ ಚ್ರ್ ಸು’, ನಾನು ಸಸ್ಯಾಹಾರಿ, ಎಂಬ ಮಾತನ್ನು ಪ್ರತಿ ಸಲವೂ, ಪ್ರತಿ ಖಾದ್ಯಕ್ಕೂ ಹೇಳಬೇಕು. ಅಲ್ಲಿನ ಅಡುಗೆಯವರು ಉಪ್ಪಿನಷ್ಟೇ ಸಹಜವಾಗಿ ಕೋಳಿಸತ್ತ್ವದ ಪುಡಿಯನ್ನು ಪಲ್ಯಕ್ಕೂ ಹಾಕುತ್ತಾರೆ, ಅದನ್ನೂ ಬೇರೆಯಾಗಿಯೇ ಹೇಳಬೇಕು.

ಶ್ವೇಜೂ ಯೂ ನನಗೆ ಸರಿಬರಲಿಲ್ಲ. ‘ನೀರಿನಲ್ಲಿ ಬೇಯಿಸಿದ ಮೀನು’ ಎಂಬುದು ಅದರ ಅರ್ಥ, ಬಂದದ್ದು ಪಾತ್ರೆ ತುಂಬ ಎಣ್ಣೆ. ಎಣ್ಣೆಯನ್ನು ಕುಡಿಯಬಾರದು, ಮೀನಿನ ಹೋಳುಗಳನ್ನು ಮಾತ್ರ ಎತ್ತಿಕೊಳ್ಳಬೇಕು ಎಂದು ಪಕ್ಕದ ಮೇಜಿನವರು ಸನ್ನೆಯಲ್ಲಿ ಕಲಿಸಿದರು. ತೆಳುವಾಗಿ ಸೀಳಿದ ಹುಲ್ಲುಗೆಂಡೆಯ ಹೋಳುಗಳು ರೇಷ್ಮೆಯಂತೆ ನುಣುಪಾಗಿದ್ದವು, ನಿಜ. ಆದರೆ ಕವಲೊಡೆದ ಸಣ್ಣ ಮುಳ್ಳುಗಳು ಹೇರಳ. ನಾಲಿಗೆಗೆ ಜೋಮು ಹಿಡಿದ ಮೇಲೆ ಮುಳ್ಳನ್ನು ಹುಡುಕುವುದು ಕತ್ತಲೆಯಲ್ಲಿ ಸೂಜಿ ಹುಡುಕಿದಂತೆ. ಸಮುದ್ರದ ಮೀನು ತಿಂದು ಬೆಳೆದವನಿಗೆ ಸಿಹಿನೀರಿನ ಮೀನಿನ ಮಣ್ಣುವಾಸನೆ ಎಷ್ಟು ಹ್ವಾಜ್ಯಾವ್ ಹಾಕಿದರೂ ಗೊತ್ತಾಗುತ್ತದೆ. ಇದು ಅಡುಗೆಯವರ ತಪ್ಪಲ್ಲ, ಕುಮಟೆಯ ತಪ್ಪು. 58 ಯುವಾನ್, ಒಂದು ಯುವಾನಿಗೆ ಸುಮಾರು 12 ರೂಪಾಯಿಯಂತೆ ಏಳುನೂರು ರೂಪಾಯಿ. ಇಬ್ಬರು ಮೂವರು ತಿನ್ನುವವರಿದ್ದರೆ ಮಾತ್ರ ತರಿಸಿ. ಮಾಪೋ ತೋಫುವಿಗೆ 18, ಬದನೆಗೆ 22, ಅನ್ನಕ್ಕೆ 2 ಯುವಾನ್ ಕೊಟ್ಟೆವು. ಹಣವೆಲ್ಲ ಫೋನಿನಲ್ಲಿಯೇ ಹೋಗುತ್ತದೆ. ಊರು ಬಿಡುವ ಮೊದಲೇ ಅಲಿಪೇಗೆ ಕಾರ್ಡು ಜೋಡಿಸಿಕೊಂಡದ್ದು ಉಪಯೋಗಕ್ಕೆ ಬಂತು.

ಯಂತ್ರ ಮಾರುವವರು ಒಂದು ರಾತ್ರಿ ಹಾಟ್‌ಪಾಟ್‌ಗೆ, ಅಂದರೆ ಮೇಜಿನ ಮೇಲೆಯೇ ಕುದಿಯುವ ಸಾರಿನಲ್ಲಿ ಬೇಕಾದ್ದನ್ನು ಬೇಯಿಸಿಕೊಂಡು ತಿನ್ನುವ ಊಟಕ್ಕೆ, ಕರೆದೊಯ್ದರು. ಕೆಂಪು ಸಾರಿಗೆ ದನದ ಕೊಬ್ಬು ಹಾಕುವುದು ಅಲ್ಲಿಯ ವಾಡಿಕೆ ಎಂದು ತಿಳಿದ ಮೇಲೆ ನಾವಿಬ್ಬರೂ ನಡುವೆ ಗೋಡೆಯಿದ್ದ ಪಾತ್ರೆಯ ಇನ್ನೊಂದು ಬದಿಯ ಅಣಬೆ ಸಾರಿನಲ್ಲಿ ಸೊಪ್ಪು ಬೇಯಿಸಿಕೊಂಡು ಕುಳಿತೆವು. ಅದರ ಬಗ್ಗೆ ಹೆಚ್ಚು ಹೇಳುವ ಹಕ್ಕು ನನಗಿಲ್ಲ.

ಭಾನುವಾರ ಜೊತೆಗಾರರ ಸಮಾಧಾನಕ್ಕಾಗಿ ವೆನ್‌ಶು ಬೌದ್ಧ ಮಠದ ಸಸ್ಯಾಹಾರಿ ಊಟದ ಮನೆಗೆ ಹೋದೆವು. ಯಾವ ತಟ್ಟೆಯನ್ನೂ ಕೆದಕಿ ನೋಡದೆ ಅವರು ನೆಮ್ಮದಿಯಿಂದ ಉಂಡದ್ದು ಅಲ್ಲಿಯೇ. ಗೋಧಿಯ ಅಂಟು, ಸೋಯಾ ಮತ್ತು ಅಣಬೆಗಳಿಂದ ಮೀನು ಮಾಂಸಗಳ ಆಕಾರವನ್ನು ಕಟ್ಟುವುದು ಚೀನೀ ಮಠಗಳ ಹಳೆಯ ಕಲೆ. ನನಗೆ ಕೌತುಕವೆನಿಸಿದ ಆ ತಟ್ಟೆಗಳನ್ನು ಅವರು ದೂರ ತಳ್ಳಿದರು; ಬೇಡವೆಂದು ಬಿಟ್ಟದ್ದರ ವೇಷವಾದರೂ ಏಕೆ ಎಂಬುದು ಅವರ ಪ್ರಶ್ನೆ. ಬಿಳಿ ಅನ್ನ, ಸೊಪ್ಪು ಮತ್ತು ಮಾಂಸವಿಲ್ಲದ ಮಾಪೋ ತೋಫುವಿನಲ್ಲಿ ಅವರ ಊಟ ಮುಗಿಯಿತು.

ಗಲ್ಲಿಯ ಅಂಗಡಿಗೆ ಮತ್ತೆ ಬರುತ್ತೇನೆ, ಏಕೆಂದರೆ ಅಲ್ಲಿ ಹಣವಿಲ್ಲದೆ ಬರುತ್ತಿದ್ದ ಪಾವ್‌ತ್ಸಾಯ್ ಬಗ್ಗೆ ಹೇಳದೆ ಬಿಡಲಾಗದು. ಮೂಲಂಗಿ, ಎಲೆಕೋಸು, ಎಳೆಯ ಶುಂಠಿಯನ್ನು ಉಪ್ಪುನೀರಿನಲ್ಲಿ ಹುಳಿಸಿದ ಇದು ಗಲ್ಲಾಪೆಟ್ಟಿಗೆಯ ಪಕ್ಕದ ಜಾಡಿಯಲ್ಲಿತ್ತು. ಜಾಡಿಯ ಕತ್ತಿನ ಸುತ್ತ ತೊಟ್ಟಿಯಂಥ ಅಂಚು, ಅದರಲ್ಲಿ ನೀರು, ನೀರಿನೊಳಗೆ ಮಗುಚಿದ ಮುಚ್ಚಳ: ಒಳಗಿನ ಗಾಳಿ ಗುಳ್ಳೆಯಾಗಿ ಹೊರಗೆ ಬರಬಹುದು, ಹೊರಗಿನದು ಒಳಗೆ ಹೋಗಲಾರದು. ನಮ್ಮ ಮನೆಯಲ್ಲಿ ಅಪ್ಪೆಮಿಡಿಯನ್ನು ಉಪ್ಪಿಗೆ ಹಾಕಿ ಭರಣಿಯ ಬಾಯಿಗೆ ಬಟ್ಟೆ ಬಿಗಿಯುತ್ತಿದ್ದುದಕ್ಕಿಂತ ಇದು ಜಾಣ ಏರ್ಪಾಡು. ಬಿಳಿ ಅನ್ನಕ್ಕೆ ಈ ಶುಂಠಿ, ಮೇಲೆ ಒಂದು ಚಮಚ ಮಾಪೋ ಗೊಜ್ಜು, ಕೊನೆಯ ನಾಲ್ಕು ರಾತ್ರಿ ನಾನು ಬೇರೇನನ್ನೂ ಕೇಳಲಿಲ್ಲ. ಆರೂವರೆಯ ಒಳಗೆ ಹೋಗಿ; ಎಂಟರ ಮೇಲೆ ಹೋದರೆ ಜಾಡಿಯ ತಳ ಕಾಣಿಸುತ್ತದೆ, ಒಲೆಯೂ ಆರಿರುತ್ತದೆ.

ಹೊರಡುವ ದಿನ ಯಜಮಾನಿಯನ್ನೇ ಕೇಳಿ, ಅವರು ಬರೆದುಕೊಟ್ಟ ಚೀಟಿ ತೋರಿಸಿ, ಪಕ್ಕದ ಮಾರುಕಟ್ಟೆಯಲ್ಲಿ ನೂರು ಗ್ರಾಂ ಹ್ವಾಜ್ಯಾವ್ ಕೊಂಡೆ. ಕುಮಟೆಯಲ್ಲಿ ಅಮ್ಮ ಅದನ್ನು ಅಂಗೈಗೆ ಸುರಿದುಕೊಂಡು, ಕನ್ನಡಕ ಹಾಕಿಕೊಂಡು, ಬಹಳ ಹೊತ್ತು ನೋಡಿದರು. “ತಮಾ, ಬೀಜ ಒಂದೂ ಇಲ್ಲ, ಚಲೋ ಅಂಗಡಿಯೇ ಸೈ” ಎಂದರು. ನಮ್ಮ ಕಾಯಿಯ ಅಳತೆಯಲ್ಲಿಯೇ ಬಂಗುಡೆ ಸಾರಿಗೆ ಹಾಕಿದ್ದರಿಂದ ಆ ರಾತ್ರಿ ಮನೆಯವರೆಲ್ಲರ ತುಟಿ ಹೋಯಿತು. ಈಗ ಅರ್ಧ ಹಾಕುತ್ತಾರೆ.