ಬೆನ್ನ ಮೇಲೆ ಜೋನ್ಸ್: ಮಂಡಿಪೇಟೆಯ ಜರ್ಸಿ ಅಂಗಡಿ

ದಾವಣಗೆರೆಯಲ್ಲಿ ಟೀಮ್ ಜರ್ಸಿ ಎಲ್ಲಿ ಮಾಡಿಸೋದು ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಂಡಿಪೇಟೆಯ ಒಂದು ಗಲ್ಲಿಯಲ್ಲಿ ಕಿರಿದಾದ ಮೆಟ್ಟಿಲು ಹತ್ತಿದರೆ ಮೊದಲ ಮಹಡಿಯಲ್ಲಿ ಈ ಅಂಗಡಿ ಇದೆ. ಬೋರ್ಡ್ ಇಲ್ಲ. ಮೆಟ್ಟಿಲ ಕಂಬಿಗೆ ಕಟ್ಟಿರುವ ನೀಲಿ ಕ್ರಿಕೆಟ್ ಜರ್ಸಿಯೇ ಗುರುತು. ಒಳಗೆ ಒಂದು ಪ್ರಿಂಟರ್, ಒಂದು ದೊಡ್ಡ ಹೀಟ್ ಪ್ರೆಸ್, ಎರಡು ಹೊಲಿಗೆ ಮಷಿನ್. ಮಾಲೀಕರು, ಅವರ ತಂಗಿ, ಒಬ್ಬ ಹುಡುಗ, ಮೂರೇ ಜನ.

ನಾನು ಭಾನುವಾರ ಬೆಳಿಗ್ಗೆ ಹೈಸ್ಕೂಲ್ ಮೈದಾನದಲ್ಲಿ 15 ಹುಡುಗರಿಗೆ ಫುಟ್‌ಬಾಲ್ ಹೇಳಿಕೊಡುತ್ತೇನೆ. ಜಾಸ್ತಿ ಜನ ಮಂಡಕ್ಕಿ ಬಟ್ಟಿ ಕಡೆಯ ಮನೆಗಳಿಂದ ಬರುತ್ತಾರೆ. ಈ ವರ್ಷ ಅವರಿಗೆ ಒಂದೇ ಥರದ ಜರ್ಸಿ ಮಾಡಿಸಬೇಕು ಅಂತ ದುಡ್ಡು ಕೂಡಿಸಿದ್ದೆವು. ನನ್ನದೂ ಸೇರಿ 16. ಹುಡುಗರು ಕೇಳಿದ್ದು ಬಾರ್ಸಿಲೋನಾ ಬಣ್ಣ. ನಾನು ಹೇಳಿದ್ದು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ. ಯಾರಿಗೂ ಆ ಹೆಸರು ಗೊತ್ತಿರಲಿಲ್ಲ. ಹಾಗಾಗಿ ಒಂದು ಭಾನುವಾರ ಪ್ರಾಕ್ಟೀಸ್ ಮುಗಿದ ಮೇಲೆ, ಮರದ ಕೆಳಗೆ ಕೂತು, ಆ ತಂಡದ ಕ್ಯಾಪ್ಟನ್ ಆಗಿದ್ದ ಗ್ಯಾರಿ ಜೋನ್ಸ್ ಕಥೆ ಹೇಳಿದೆ.

ಆ ಕಥೆ ಇಲ್ಲಿಯೂ ಹೇಳಲೇಬೇಕು. ಯಾಕೆಂದರೆ ಅಂಗಡಿಯವರು ನನ್ನ ಆರ್ಡರ್ ಮೇಲೆ ಅಷ್ಟು ಕಷ್ಟಪಟ್ಟದ್ದು ಅದನ್ನು ಕೇಳಿದ ಮೇಲೆಯೇ.

ಇಂಗ್ಲೆಂಡಿನ ವೃತ್ತಿಪರ ಲೀಗ್‌ನಲ್ಲಿ ನಾಲ್ಕು ಹಂತ. ಮೇಲೆ ಪ್ರೀಮಿಯರ್ ಲೀಗ್, 20 ತಂಡ. ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲಿ 24 ತಂಡ. ನಾವು ಟಿವಿಯಲ್ಲಿ ನೋಡುವುದು ಮೇಲಿನ 20 ಮಾತ್ರ. ಜೋನ್ಸ್ ತನ್ನ ಆಯುಷ್ಯದ ಆಟವನ್ನೆಲ್ಲ ಹೆಚ್ಚುಕಡಿಮೆ ಕೆಳಗಿನ ಹಂತಗಳಲ್ಲೇ ಆಡಿದ. ಬರ್ಕನ್‌ಹೆಡ್‌ನಲ್ಲಿ 1977ರಲ್ಲಿ ಹುಟ್ಟಿದವನು. ವೇಲ್ಸ್‌ನ ಕರ್ನಾರ್ವನ್ ಎಂಬ ಸಣ್ಣ ಕ್ಲಬ್ಬಿನಲ್ಲಿದ್ದವನನ್ನು 1997ರಲ್ಲಿ ಸ್ವಾನ್ಸಿ ಸಿಟಿ ಕರೆದುಕೊಂಡಿತು. ನಮ್ಮ ದಾವಣಗೆರೆ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವೂ ಅದೇ. ಜೋನ್ಸ್ ಸ್ವಾನ್ಸಿಯಲ್ಲಿ ಬಹಳ ದಿನ ನಿಲ್ಲಲಿಲ್ಲ. ಮುಂದಿನ ವರ್ಷವೇ ರೋಚ್‌ಡೇಲ್‌ಗೆ ಬಂದ.

ರೋಚ್‌ಡೇಲ್ ಹತ್ತಿ ಮಿಲ್ಲುಗಳ ಊರು. ಮ್ಯಾಂಚೆಸ್ಟರ್ ಪಕ್ಕದಲ್ಲೇ ಇದೆ. 1844ರಲ್ಲಿ ಅಲ್ಲಿನ ನೇಕಾರರೂ ಕೆಲಸಗಾರರೂ ಸೇರಿ ಒಂದು ಅಂಗಡಿ ತೆರೆದರು. ಇವತ್ತಿನ ಸಹಕಾರ ಚಳವಳಿಗೆ ಆ ಅಂಗಡಿಯೇ ಮೂಲ ಅಂತ ಹೇಳುತ್ತಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಯುತ್ತಿದ್ದರು, ಗೊತ್ತಲ್ವಾ? ನಮ್ಮಪ್ಪ ಇಲ್ಲಿನ ಮಿಲ್ಲಿನಲ್ಲಿ ನೂಲಿನ ವಿಭಾಗದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬಿನ ಮೇಲೆ, ಕಿವಿಯ ಕೂದಲ ಮೇಲೆ ಹತ್ತಿ. ಮಿಲ್ಲು ನಿಂತ ಮೇಲೂ ಎಷ್ಟೋ ದಿನ ಸೈರನ್ ಹೊತ್ತಿಗೆ ಸರಿಯಾಗಿ ಏಳುತ್ತಿದ್ದರು. ರೋಚ್‌ಡೇಲ್ ಬಗ್ಗೆ ಓದುವಾಗ ನನಗೆ ಅದು ಬೇರೆ ದೇಶದ ಊರು ಅಂತ ಅನ್ನಿಸುವುದೇ ಇಲ್ಲ.

ಆ ಊರಿನ ತಂಡ 1974ರಲ್ಲಿ ನಾಲ್ಕನೇ ಹಂತಕ್ಕೆ ಬಿತ್ತು. ಬಿದ್ದದ್ದು 36 ವರ್ಷ ಮೇಲೇಳಲಿಲ್ಲ. 2010ರಲ್ಲಿ ಕೊನೆಗೂ ಮೇಲೆ ಬಂದಾಗ ತಂಡದ ಕ್ಯಾಪ್ಟನ್ ಜೋನ್ಸ್. ನಡುವೆ ಎರಡು ವರ್ಷ ಬಾರ್ನ್ಸ್‌ಲಿಗೆ ಹೋಗಿ ಬಂದದ್ದು ಬಿಟ್ಟರೆ 1998ರಿಂದ 2012ರವರೆಗೂ ಅಲ್ಲೇ ಇದ್ದ. ಆ ಕ್ಲಬ್ಬಿಗೆ 470 ಲೀಗ್ ಪಂದ್ಯ ಆಡಿದ. ಅಲ್ಲಿ ಅದೇ ದಾಖಲೆ. ಮಿಡ್‌ಫೀಲ್ಡರ್ ಕೆಲಸ ಮಾಡಿದವರಿಗೆ 470 ಅಂದರೆ ಏನು ಅಂತ ಗೊತ್ತಾಗುತ್ತದೆ. ಗೋಲ್ ಹೊಡೆದವನ ಫೋಟೋ ಬರುತ್ತದೆ, ತಡೆದವನ ಫೋಟೋ ಬರುತ್ತದೆ. ನಡುವೆ ಓಡಿ, ಚೆಂಡು ಕಿತ್ತು, ಪಕ್ಕದವನಿಗೆ ಕೊಟ್ಟು, ಮತ್ತೆ ಹಿಂದಕ್ಕೆ ಓಡುವವನನ್ನು ಯಾರೂ ನೋಡುವುದಿಲ್ಲ. ನಾನೂ ಕಾಲೇಜಿನಲ್ಲಿ ಅದೇ ಜಾಗದಲ್ಲಿ ಆಡಿದವನು.

ನನಗೆ ಈ ಮನುಷ್ಯ ಸಿಕ್ಕಿದ್ದು 2012ರ ಡಿಸೆಂಬರ್‌ನಲ್ಲಿ. ಆಗ ನಾನು ಆರ್ಸೆನಲ್ ಅಭಿಮಾನಿ. ನಾಲ್ಕೂ ಹಂತದ ತಂಡಗಳು ಆಡುವ ಲೀಗ್ ಕಪ್‌ನ ಕ್ವಾರ್ಟರ್ ಫೈನಲ್, ಎದುರಿಗೆ ನಾಲ್ಕನೇ ಹಂತದ ಬ್ರಾಡ್‌ಫರ್ಡ್ ಸಿಟಿ. ಜೋನ್ಸ್ ಆ ವರ್ಷವೇ ಅಲ್ಲಿಗೆ ಬಂದು ಕ್ಯಾಪ್ಟನ್ ಆಗಿದ್ದ. ನಮ್ಮಲ್ಲಿ ರಾತ್ರಿ ಒಂದೂಕಾಲು. ಟಿವಿ ಇರಲಿಲ್ಲ. ಮೊಬೈಲಿನಲ್ಲಿ ಸ್ಕೋರ್ ಪುಟವನ್ನು ಮತ್ತೆ ಮತ್ತೆ ತೆರೆಯುತ್ತಾ ಕೂತಿದ್ದೆ. 16ನೇ ನಿಮಿಷಕ್ಕೆ ಜೋನ್ಸ್ ಫ್ರೀ ಕಿಕ್ ಹಾಕಿದ, ಥಾಂಪ್ಸನ್ ಗೋಲಿಗೆ ಹೊಡೆದ. 88ನೇ ನಿಮಿಷದಲ್ಲಿ ಆರ್ಸೆನಲ್ ಸಮ ಮಾಡಿತು. ಪೆನಾಲ್ಟಿಯಲ್ಲಿ ನಮ್ಮ ಕಾಜೋರ್ಲಾ ಗೋಲು ಹಾಕಲಿಲ್ಲ, ಶಮಾಕ್ ಹಾಕಲಿಲ್ಲ, ವರ್ಮಾಲೆನ್ ಹಾಕಲಿಲ್ಲ. 3–2. ಅಷ್ಟರಲ್ಲಿ ಬೆಳಗಿನ ಜಾವ ನಾಲ್ಕಾಗಿತ್ತು. ಮನೆ ಎದುರು ಹಾಲಿನವನ ಗಾಡಿ ಬಂತು. ನನ್ನ ತಂಡ ಸೋತಿತ್ತು. ಆದರೂ ಆ ಕ್ಯಾಪ್ಟನ್ ಯಾರು ಅಂತ ಹುಡುಕಿದೆ. ವಯಸ್ಸು 35 ಅಂತ ಇತ್ತು.

ಸೆಮಿಫೈನಲ್‌ನಲ್ಲಿ ಆಸ್ಟನ್ ವಿಲ್ಲಾವನ್ನು ಎರಡು ಪಂದ್ಯ ಸೇರಿ 4–3ಕ್ಕೆ ಸೋಲಿಸಿದರು. ನಾಲ್ಕನೇ ಹಂತದ ತಂಡವೊಂದು ಲೀಗ್ ಕಪ್ ಫೈನಲ್ ಮುಟ್ಟಿದ್ದು 1962ರ ನಂತರ ಅದೇ ಮೊದಲು. 1962ರಲ್ಲಿ ಮುಟ್ಟಿದ್ದ ತಂಡ ಯಾವುದು ಗೊತ್ತಾ? ರೋಚ್‌ಡೇಲ್! ಫೈನಲ್ ನಡೆದ ಲಂಡನ್ನಿನ ವೆಂಬ್ಲಿ ಮೈದಾನದಲ್ಲಿ ಎದುರಾಳಿಯಾಗಿ ಬಂದದ್ದು ಸ್ವಾನ್ಸಿ, ಜೋನ್ಸ್‌ಗೆ ಮೊದಲು ಕೆಲಸ ಕೊಟ್ಟ ಲೀಗ್ ಕ್ಲಬ್. ಅಷ್ಟು ಹೊತ್ತಿಗೆ ಅವರು ಪ್ರೀಮಿಯರ್ ಲೀಗ್‌ನಲ್ಲಿದ್ದರು. 82,597 ಜನರ ಮುಂದೆ ಬ್ರಾಡ್‌ಫರ್ಡ್ 5–0ಗೆ ಸೋತಿತು. ಅದಾದ ಮೂರು ತಿಂಗಳಿಗೆ ಅದೇ ವೆಂಬ್ಲಿಗೆ ಮತ್ತೆ ಬಂದು, ಪ್ಲೇಆಫ್ ಫೈನಲ್‌ನಲ್ಲಿ ನಾರ್ಥಾಂಪ್ಟನ್ನನ್ನು 3–0ಗೆ ಸೋಲಿಸಿ, ಮೇಲಿನ ಹಂತಕ್ಕೆ ಏರಿತು. ಆ ಸೀಸನ್‌ನಲ್ಲಿ ಕ್ಲಬ್ ಆಡಿದ್ದು ಒಟ್ಟು 64 ಪಂದ್ಯ. 36ಕ್ಕೆ ಕಾಲಿಡಲಿದ್ದ ಕ್ಯಾಪ್ಟನ್ ಆ ಕಪ್ ಎತ್ತಿದ.

ಕಥೆ ಮುಗಿದಾಗ ಹುಡುಗರು ಬಾರ್ಸಿಲೋನಾ ಮಾತು ಬಿಟ್ಟಿದ್ದರು.

ಬ್ರಾಡ್‌ಫರ್ಡ್ ಬಣ್ಣ ಕ್ಲಾರೆಟ್ ಮತ್ತು ಅಂಬರ್, ಉದ್ದ ಪಟ್ಟೆ. ಫೋನಿನಲ್ಲಿ ಫೋಟೋ ತೋರಿಸಿದ ಕೂಡಲೇ ಅಂಗಡಿಯವರು, "ರಾಜ್ಯೋತ್ಸವಕ್ಕಾ ಸಾರ್?" ಅಂತ ಕೇಳಿದರು. ಅವರ ತಪ್ಪೇನಿಲ್ಲ. ದೂರದಿಂದ ನೋಡಿದರೆ ಅರಿಶಿನ ಕುಂಕುಮವೇ. ಆದರೆ ಕ್ಲಾರೆಟ್ ಅಂದರೆ ಕುಂಕುಮಕ್ಕೂ ನೇರಳೆ ಹಣ್ಣು ತಿಂದ ನಾಲಿಗೆಗೂ ನಡುವಿನ ಬಣ್ಣ. ಅಂಬರ್ ಅಂದರೆ ಬೆಲ್ಲದ ಪಾಕದ ಕಡೆ ವಾಲಿದ ಹಳದಿ. ಇದನ್ನೇ ಅವರಿಗೆ ಹೇಳಿದೆ. "ಯಾವ ತಂಡ ಇದು" ಅಂದರು. ಕಥೆ ಎರಡನೇ ಸಲ ಹೇಳಿದೆ. ಪ್ರೆಸ್ ಆಫ್ ಮಾಡಿ ನಿಂತು ಕೇಳಿದರು.

ಇವರು ಮಾಡುವುದು ಸಬ್ಲಿಮೇಷನ್ ಪ್ರಿಂಟ್. ಮೊದಲು ಕಾಗದದ ಮೇಲೆ ಡಿಸೈನ್ ಅನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಪ್ರಿಂಟ್ ಹಾಕುತ್ತಾರೆ. ಅದನ್ನು ಬಿಳಿ ಪಾಲಿಯೆಸ್ಟರ್ ಬಟ್ಟೆಯ ಮೇಲಿಟ್ಟು ಸುಮಾರು 200 ಡಿಗ್ರಿ ಶಾಖದಲ್ಲಿ ಒತ್ತುತ್ತಾರೆ. ಇಂಕು ಆವಿಯಾಗಿ ದಾರದೊಳಗೇ ಇಳಿಯುತ್ತದೆ. ಮೇಲೆ ಅಂಟಿಸಿದ ಸ್ಟಿಕ್ಕರ್ ಅಲ್ಲ, ಹಾಗಾಗಿ ಸುಲಿದು ಬರುವುದಿಲ್ಲ. ಹತ್ತಿ ಬಟ್ಟೆಗೆ ಇದು ಹಿಡಿಯುವುದಿಲ್ಲ. ಹತ್ತಿಯ ಊರಿನಲ್ಲಿ, ನೂಲು ತೆಗೆದವರ ಮಗ, ಪಾಲಿಯೆಸ್ಟರ್ ಜರ್ಸಿ ಆರಿಸುತ್ತಾ ನಿಂತಿದ್ದೆ. ಅಪ್ಪ ಇದ್ದಿದ್ದರೆ ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರು. ನಾನೂ ಹಾಗೇ ಉಜ್ಜಿ ನೋಡಿದೆ. ಸಣ್ಣ ತೂತುಗಳಿರುವ ಬಟ್ಟೆ, ಬೆವರು ಬೇಗ ಆರುತ್ತದೆ, ಮೈಗೆ ಅಂಟುವುದಿಲ್ಲ.

ಮೊದಲ ಸ್ಯಾಂಪಲ್ ಕೆಟ್ಟದಾಗಿ ಬಂತು. ಕ್ಲಾರೆಟ್ ಅನ್ನುವುದು ಸುಟ್ಟ ಇಟ್ಟಿಗೆ ಥರ ಕಾಣುತ್ತಿತ್ತು. ಕಂಪ್ಯೂಟರ್ ಪರದೆಯ ಬಣ್ಣವೇ ಬೇರೆ, ಶಾಖ ತಗುಲಿದ ಮೇಲಿನ ಬಣ್ಣವೇ ಬೇರೆ. ಅವರು ಒಂದು ಮಾತೂ ವಾದ ಮಾಡಲಿಲ್ಲ. ಉಳಿದ ತುಂಡು ಬಟ್ಟೆ ತೆಗೆದು, ಒಂದು ಗೇಣು ಉದ್ದದ ಆರು ಪಟ್ಟೆ ಪ್ರಿಂಟ್ ಹಾಕಿದರು. ಒಂದಕ್ಕಿಂತ ಇನ್ನೊಂದರಲ್ಲಿ ನೀಲಿ ಸ್ವಲ್ಪ ಜಾಸ್ತಿ. ಆಮೇಲೆ ನನ್ನನ್ನು ತಾರಸಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ಹಿಡಿದು ತೋರಿಸಿದರು. "ಟ್ಯೂಬ್‌ಲೈಟಲ್ಲಿ ನೋಡಬೇಡಿ ಸಾರ್, ನೀವು ಆಡೋದು ಬಿಸಿಲಲ್ಲಿ." ನಾಲ್ಕನೆಯದು ಸರಿಯಾಗಿತ್ತು. ಅದಕ್ಕೆ ಬೇರೆ ದುಡ್ಡು ಕೇಳಲಿಲ್ಲ.

ಹೆಸರುಗಳು ಕನ್ನಡದಲ್ಲೇ ಇರಬೇಕು ಅಂತ ನಾವು ಮೊದಲೇ ತೀರ್ಮಾನ ಮಾಡಿದ್ದೆವು. ನನ್ನ ಬೆನ್ನಿಗೆ ನನ್ನ ಹೆಸರು ಬೇಡ, ಜೋನ್ಸ್ ಅಂತ ಹಾಕಿ, ನಂಬರ್ ಮಾತ್ರ ನನ್ನದು 8 ಅಂದೆ. ತೊಂದರೆ ಶುರುವಾದದ್ದು ಇಲ್ಲಿ. ವಾಟ್ಸಾಪ್‌ನಲ್ಲಿ ಕಳಿಸಿದ ಹೆಸರುಗಳನ್ನು ಡಿಸೈನ್ ಪುಟಕ್ಕೆ ಹಾಕಿದರೆ ಒತ್ತಕ್ಷರವೆಲ್ಲ ಚದುರಿ ಹೋಯಿತು. ನ ಕೆಳಗೆ ಕೂರಬೇಕಾದ ಸ ಒತ್ತು ಪಕ್ಕದಲ್ಲಿ ಬಂದು ನಿಂತಿತ್ತು. ಹೆಸರಲ್ಲಿ ಕ್ಷ, ಷ್ಣ, ತ್ರ ಇದ್ದ ಹುಡುಗರ ಗತಿಯೂ ಅದೇ. ಹಿಂದೆ ಬೇರೊಂದು ಕಡೆ ಮಾಡಿಸಿದಾಗ ಹೀಗೇ ಆಗಿತ್ತು. ಅವರು "ಇಂಗ್ಲಿಷಲ್ಲಿ ಹಾಕಿಸಿಕೊಳ್ಳಿ" ಅಂದುಬಿಟ್ಟಿದ್ದರು. ಇಲ್ಲಿ ಮಾಲೀಕರ ತಂಗಿ 16 ಹೆಸರನ್ನೂ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೊಂದಾಗಿ ಮತ್ತೆ ಟೈಪ್ ಮಾಡಿದರು. ಅಕ್ಷರವನ್ನು ಚಿತ್ರವಾಗಿ ಬದಲಾಯಿಸಿ, ಒತ್ತು ಮೇಲಿನ ಅಕ್ಷರಕ್ಕೆ ತಾಗದ ಹಾಗೆ ಕೂರಿಸಿದರು. ಪ್ರಿಂಟ್ ಹಾಕುವ ಮೊದಲು ಎಲ್ಲವನ್ನೂ ನನ್ನಿಂದ ಜೋರಾಗಿ ಓದಿಸಿದರು. ಜೋನ್ಸ್ ಬಂದಾಗ "ಇವರೇನಾ ಅವರು" ಅಂತ ಕೇಳಿದರು.

ಈ ಒಂದು ಕೆಲಸಕ್ಕೇ ನಾನು ಈ ಅಂಗಡಿಯನ್ನು ಎಲ್ಲರಿಗೂ ಹೇಳುತ್ತೇನೆ. ಮಗುವಿನ ಹೆಸರು ಬೆನ್ನ ಮೇಲೆ ಮುರಿದು ಬಿದ್ದಿದ್ದರೆ ಆ ಮಗು ಅದನ್ನು ಹೇಗೆ ಹಾಕಿಕೊಳ್ಳುತ್ತದೆ?

ಕೊರತೆಯೂ ಇದೆ. ಶುಕ್ರವಾರ ಕೊಡುತ್ತೇವೆ ಅಂದವರು ಶನಿವಾರ ರಾತ್ರಿಯಾದರೂ ಕೊಡಲಿಲ್ಲ. ಭಾನುವಾರ ಏಳಕ್ಕೆ ನಮ್ಮ ಪಂದ್ಯ. ರಾತ್ರಿ ಹತ್ತರವರೆಗೆ ಫೋನ್ ಮಾಡಿ ಮಾಡಿ ನನಗೆ ಸಿಟ್ಟು ಬಂದಿತ್ತು. ಬೆಳಿಗ್ಗೆ ಆರಕ್ಕೆ ಹೋದರೆ ಶಟರ್ ಅರ್ಧ ಎತ್ತಿತ್ತು, ಒಳಗೆ ಅಣ್ಣ ತಂಗಿ ಇಬ್ಬರೂ ರಾತ್ರಿಯಿಡೀ ಹೊಲಿದು ಕೊನೆಯ ಎರಡರ ಕಾಲರ್ ಮುಗಿಸುತ್ತಿದ್ದರು. ಜರ್ಸಿ ಇನ್ನೂ ಬೆಚ್ಚಗಿತ್ತು. ಪಂದ್ಯಕ್ಕೆ ಸಿಕ್ಕಿತು. ಆದರೂ ನಿಮಗೆ ಬೇಕಾದ ದಿನಕ್ಕಿಂತ ಮೂರು ದಿನ ಮುಂಚಿನ ತಾರೀಖು ಹೇಳಿ. ಸೈಜ್ ಸ್ವಲ್ಪ ಬಿಗಿ. 38 ಅಂದರೆ 36ರ ಹಾಗೆ ಕೂರುತ್ತದೆ. ನಮ್ಮ ಇಬ್ಬರು ಹುಡುಗರಿಗೆ ತೋಳಿನ ಹತ್ತಿರ ಹಿಡಿಯಿತು. ಒಂದನ್ನು ದುಡ್ಡಿಲ್ಲದೆ ಸರಿ ಮಾಡಿಕೊಟ್ಟರು, ಇನ್ನೊಂದಕ್ಕೆ 150 ರೂಪಾಯಿ ತೆಗೆದುಕೊಂಡರು. ಕತ್ತಿನ ಹಿಂದಿನ ಸೈಜ್ ಚೀಟಿ ಚುಚ್ಚುತ್ತದೆ, ಮೊದಲ ದಿನವೇ ಕತ್ತರಿಸಿ ಹಾಕಿ.

ಅರ್ಧ ತೋಳಿನದಕ್ಕೆ ಒಂದಕ್ಕೆ 380 ರೂಪಾಯಿ, ಹೆಸರು ನಂಬರ್ ಸೇರಿ. ಹತ್ತಕ್ಕಿಂತ ಕಡಿಮೆ ಆದರೆ ಮಾಡುವುದಿಲ್ಲ. 6,080 ಆಗಿತ್ತು, ಆರು ಸಾವಿರ ತೆಗೆದುಕೊಂಡರು. ಫೋನ್‌ನಲ್ಲೇ ಕಟ್ಟಬಹುದು. ಬಿಲ್ ಬೇಕಾದರೆ ಮೊದಲೇ ಕೇಳಿ. ಕಾರು ಗಲ್ಲಿಯೊಳಗೆ ಹೋಗುವುದಿಲ್ಲ. ಸಂಜೆ ಕಿಕ್ಕಿರಿದಿರುತ್ತದೆ, ಬೆಳಿಗ್ಗೆ ಹನ್ನೊಂದರೊಳಗೆ ಹೋದರೆ ಕೂತು ಮಾತಾಡುವಷ್ಟು ಸಮಯ ಕೊಡುತ್ತಾರೆ.

ಇವತ್ತಿಗೆ ಒಂಬತ್ತು ಸಲ ತೊಳೆದಾಗಿದೆ, ಎರಡು ಸಲ ಹೈಸ್ಕೂಲ್ ಮೈದಾನದ ಕೆಂಪು ಕೆಸರಿನಿಂದಲೇ ತೆಗೆದದ್ದು. ಬಣ್ಣ ಬಿಟ್ಟಿಲ್ಲ. ಸ ಒತ್ತು ನ ಕೆಳಗೆ ಕೂತಲ್ಲೇ ಕೂತಿದೆ. ಗೋಲ್‌ಕೀಪರ್ ಹುಡುಗನ ಬಲ ಮೊಣಕೈ ಹತ್ತಿರ ಮಾತ್ರ ಹೊಲಿಗೆ ಬಿಟ್ಟಿದೆ. ಸೋಮವಾರ ತೆಗೆದುಕೊಂಡು ಬನ್ನಿ ಅಂದಿದ್ದಾರೆ.